ನಂಬಿ ಒಳಗೆ ಬಿಟ್ಟವರು

"ಸ್ವಲ್ಪ ಓರೆ ಮಾಡಿ, ಇಲ್ಲದಿದ್ರೆ ತಿರುಗಲ್ಲ," ಎಂದು ಚಿಕ್ಕಪ್ಪ ಕೆಳಗಿನ ಮೆಟ್ಟಿಲಿನಿಂದ ಹೇಳಿದ. ಮೇಲೆ ಇಬ್ಬರು, ಕೆಳಗೆ ಇಬ್ಬರು ಸ್ಟ್ರೆಚರನ್ನು ಹಿಡಿದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅಪ್ಪನ ತಲೆ ಗೋಡೆಗೆ ತಾಗದಿರಲೆಂದು ಮಗಳು ಅಂಗೈ ಅಡ್ಡ ಹಿಡಿದಿದ್ದಳು. ಸ್ಟ್ರೆಚರ್ ಓರೆಯಾದಾಗ ಅದರ ಕಬ್ಬಿಣದ ಅಂಚು ಅವಳ ಬೆರಳುಗಳನ್ನು ಗೋಡೆಗೆ ಒತ್ತಿ ಚರ್ಮ ಸುಲಿದುಬಿಟ್ಟಿತು. ಅವಳು ಉಸಿರೆತ್ತಲಿಲ್ಲ. ಉಸಿರೆತ್ತಿದರೆ ಅವರು ನಿಲ್ಲುತ್ತಿದ್ದರು, ನಿಂತರೆ ಮತ್ತೆ ಮೊದಲಿನಿಂದ ಶುರು.

ಮನೆ ಮೇಲೆ, ಸ್ಟುಡಿಯೊ ಕೆಳಗೆ. ಸ್ಮಶಾನದ ವ್ಯಾನು ಬರುವುದು ಇನ್ನೂ ಅರ್ಧ ಗಂಟೆಯೆಂದು ಅಪ್ಪನನ್ನು ಸ್ಟುಡಿಯೊದ ಉದ್ದ ಬೆಂಚಿನ ಮೇಲೆ ಮಲಗಿಸಿದರು. ಹೊಸ ಜೋಡಿಗಳನ್ನು ಅವನು ಕೂರಿಸುತ್ತಿದ್ದ ಬೆಂಚು ಅದು. ಗಂಡು ಬಿಗುವಾಗಿ ಕೂತಿದ್ದರೆ, "ನಗಪ್ಪಾ, ನಾಳೆಯಿಂದ ನಗೋಕೂ ಪರ್ಮಿಷನ್ ಕೇಳ್ಬೇಕು," ಎನ್ನುತ್ತಿದ್ದ. ಗಂಡು ನಗುತ್ತಿದ್ದ, ಪಟ ಬೀಳುತ್ತಿತ್ತು. ಹೆಣ್ಣಿಗೆ ಹೇಳಲು ಅವನ ಬಳಿ ಯಾವ ತಮಾಷೆಯೂ ಇರಲಿಲ್ಲ.

ಬಂದವರೆಲ್ಲ ಒಂದೇ ಮಾತು ಆಡಿದರು. ಫೋಟೊ ತೆಗೆಯುವವರು ಬೀದಿಗೊಬ್ಬರಿದ್ದಾರೆ, ಆದರೆ ಹೆಣ್ಣುಮಕ್ಕಳಿರುವ ಕೋಣೆಗೆ ಕಣ್ಣು ಮುಚ್ಚಿಕೊಂಡು ಬಿಡಬಹುದಾಗಿದ್ದವನು ಇವನೊಬ್ಬನೇ ಎಂದು ಪಕ್ಕದಂಗಡಿಯ ದರ್ಜಿ ಹೇಳಿದ. ಯಾರ ಮನೆಯ ಪಟವನ್ನೂ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ, ಒಳಗೆ ಕಂಡಿದ್ದನ್ನು ಹೊರಗೆ ಆಡಿದವನಲ್ಲ ಎಂದು ಚಿಕ್ಕಪ್ಪ ದನಿಗೂಡಿಸಿದ. ಮಗಳು ತಲೆಯಾಡಿಸುತ್ತಿದ್ದಳು. ನಲವತ್ತಕ್ಕೆ ಬಂದಿದ್ದಳು, ಎರಡು ವರ್ಷದಿಂದ, ಅಪ್ಪ ಹಾಸಿಗೆ ಹಿಡಿದ ಮೇಲೆ, ಮದುವೆಗಳಿಗೆಲ್ಲ ಅವಳೇ ಹೋಗುತ್ತಿದ್ದಳು. ಅಪ್ಪ ಇರುವ ತನಕ ಮಾತ್ರ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಆಮೇಲೆ ಬೀಗ. ಕಡಲ ಕಡೆಯ ಊರಲ್ಲಿ ಗೆಳತಿಯೊಬ್ಬಳು ಮಕ್ಕಳ ಫೋಟೊ ತೆಗೆಯುವ ಅಂಗಡಿ ಇಟ್ಟಿದ್ದಳು, ಬಾ ಬಾ ಎಂದು ಕರೆಯುತ್ತಲೇ ಇದ್ದಳು. ಬೆಳಗ್ಗೆ ಅಪ್ಪನ ಕಣ್ಣು ಮುಚ್ಚುವಾಗ ಅವಳ ಮನಸ್ಸಿಗೆ ಬಂದ ಮೊದಲ ಯೋಚನೆ ಆ ಅಂಗಡಿಯದು. ನಾಚಿಕೆ ಆಮೇಲೆ ಬಂತು.

ಔಷಧಿ ಅಂಗಡಿಯ ಯಜಮಾನ ಬಂದಿದ್ದು ಆಗ. ಹಿಂದೆ ಹೆಂಡತಿ. ಅವನು ಬೆಂಚಿನ ಮುಂದೆ ಕೈಮುಗಿದು ನಿಂತ, ಕಣ್ಣೊರೆಸಿಕೊಂಡ. ಅಳು ಸುಳ್ಳಾಗಿರಲಿಲ್ಲ. ಆಮೇಲೆ ಮಗಳನ್ನು ಬಾಗಿಲ ಬಳಿ ಕರೆದು, ಭಾನುವಾರದ ಮದುವೆಯ ಮಾತು ತೆಗೆದ. ಅವನ ಮಗಳ ಮದುವೆ. ಇಂಥ ಹೊತ್ತಲ್ಲಿ ಕೇಳಬಾರದು, ಸೂತಕವೆಂದು ಯಾರಾದರೂ ಅಂದರೆ ನಾನು ನೋಡಿಕೊಳ್ಳುತ್ತೇನೆ, ಆದರೆ ನಾಲ್ಕೇ ದಿನ ಉಳಿದಿದೆ, ಹೊಸಬರನ್ನು ನಂಬಿ ಮನೆಯೊಳಗೆ ಬಿಡುವುದು ಹೇಗೆ ಎಂದ.

"ನಮ್ಮ ಮದುವೆ ಫೋಟೊನೂ ನಿಮ್ಮಪ್ಪನೇ ತೆಗೆದಿದ್ದು, ತಾಯಿ. ಅವತ್ತು ಅವರಿಲ್ಲದಿದ್ರೆ ನಮ್ಮ ಮದುವೇನೇ ಆಗ್ತಿರ್ಲಿಲ್ಲ."

ಅವನು ಅದನ್ನು ಹೆಂಡತಿಯ ಎದುರಿಗೇ ಹೇಳಿದ. ಹೆಂಡತಿ ಬೆಂಚಿನ ಮೇಲಿದ್ದ ಮುಖವನ್ನು ನೋಡುತ್ತಿದ್ದಳು.

* * *

ಔಷಧಿ ಅಂಗಡಿಯವನ ಮದುವೆಯಾದಾಗ ಮಗಳಿಗೆ ಹದಿನೇಳು. ಹೆಣ್ಣುಮಗುವೊಂದು ಜೊತೆಗಿದ್ದರೆ ಮನೆಯವರಿಗೂ ಧೈರ್ಯವೆಂದು ಅಪ್ಪ ಅವಳನ್ನು ಮದುವೆಗಳಿಗೆ ಕರೆದುಕೊಂಡು ಹೋಗುತ್ತಿದ್ದ. ವಧುವಿನ ಕೋಣೆಯಲ್ಲಿ ಅವಳು ದೀಪ ಹಿಡಿದು ನಿಂತಿದ್ದಳು. ಅಪ್ಪ ರೀಲು ತರಲು ಹೊರಗೆ ಹೋದ. ಹೆಣ್ಣನ್ನು ಸಿಂಗರಿಸುತ್ತಿದ್ದವರು ಹೂವಿಗೆಂದು ಎದ್ದುಹೋದರು. ಕನ್ನಡಿಯ ಮುಂದಿದ್ದ ಹೆಣ್ಣು ತಿರುಗಿ ಅವಳ ಮಣಿಕಟ್ಟು ಹಿಡಿದಳು.

"ತಂಗಿ, ನಮ್ಮ ಸೋದರತ್ತೆಗೆ ಒಂದು ಫೋನ್ ಮಾಡ್ತೀಯಾ? ನನಗೆ ಈ ಮದುವೆ ಬೇಡ. ಅವ್ರು ಬಂದ್ರೆ ಸಾಕು, ನಾನು ಅವ್ರ ಜೊತೆ ಹೊರಟುಬಿಡ್ತೀನಿ."

ನಂಬರನ್ನು ಎರಡು ಸಲ ಹೇಳಿ, ಬಾಯಿಪಾಠ ಮಾಡಿಸಿದಳು. ಹುಡುಗಿ ಅದನ್ನೇ ಗುನುಗುತ್ತ ಓಡಿದಳು. ಫೋನು ಇದ್ದದ್ದು ಛತ್ರದ ಮ್ಯಾನೇಜರನ ಕೋಣೆಯಲ್ಲಿ, ಕೋಣೆಗೆ ಬೀಗ. ದಾರಿಯಲ್ಲಿ ಅಪ್ಪ ಸಿಕ್ಕಿದ. ಅಪ್ಪನಿಗಿಂತ ನಂಬಿಕೆಯವರು ಇನ್ಯಾರಿದ್ದಾರೆ ಎಂದು ಎಲ್ಲವನ್ನೂ ಹೇಳಿದಳು. ಅವನು ರೀಲನ್ನು ಜೇಬಿಗೆ ಹಾಕಿಕೊಂಡ. ಮ್ಯಾನೇಜರನನ್ನು ಹುಡುಕಿಕೊಂಡು ಹೋಗಲಿಲ್ಲ. ಹೆಣ್ಣಿನ ತಂದೆಯ ಬಳಿಗೆ ಹೋಗಿ ಕಿವಿಯಲ್ಲಿ ಹೇಳಿದ.

ಹುಡುಗಿ ಕೋಣೆಗೆ ಮರಳುವ ಹೊತ್ತಿಗೆ ಬಾಗಿಲ ಬಳಿ ಇಬ್ಬರು ಹೆಂಗಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ಹೆಣ್ಣು ಇವಳ ಮುಖ ನೋಡಿ ಎಲ್ಲ ತಿಳಿದುಕೊಂಡಳು. ಕನ್ನಡಿಯ ಕಡೆ ತಿರುಗಿದಳು. ಅಪ್ಪ ಬಂದು ಪಟ ತೆಗೆದ. ಒಳ್ಳೆಯ ಪಟಗಳು.

ಮನೆಗೆ ಬರುವಾಗ ಅಪ್ಪ, "ನಂಬಿ ಒಳಗೆ ಬಿಟ್ಟಿದಾರೆ ಮಗಾ. ಅವರ ಮನೆಯ ಮಾತು ನಮ್ಮಿಂದ ಹೊರಗೆ ಹೋಗಬಾರದು," ಎಂದ. ಆಮೇಲೆ ಆ ಬಳಗದ ಮದುವೆಗಳೆಲ್ಲ ಇವರ ಸ್ಟುಡಿಯೊಗೇ ಬಂದವು. ಅದರಲ್ಲೇ ಅವಳು ಓದಿದಳು, ಉಂಡಳು, ಬೆಳೆದಳು. ಹೋದ ತಿಂಗಳು ಅಪ್ಪ ಹಾಸಿಗೆಯಲ್ಲಿ ಇದ್ದಕ್ಕಿದ್ದ ಹಾಗೆ, "ಔಷಧಿ ಅಂಗಡಿಯವನಿಗೆ ಕೊಟ್ರಲ್ಲ, ಆ ಹುಡುಗಿ ಚೆನ್ನಾಗಿದಾಳಂತಾ?" ಎಂದು ಕೇಳಿದ. ಗೊತ್ತಿಲ್ಲಪ್ಪ ಎಂದಳು. ಅವನು ಗೋಡೆಯ ಕಡೆ ಮಗ್ಗುಲು ಬದಲಿಸಿದ.

* * *

ಬೆರಳಿನ ರಕ್ತ ಒಣಗಿ ಸೆರಗಿಗೆ ಅಂಟತೊಡಗಿತ್ತು. ಮಗಳು ಸ್ಟುಡಿಯೊದ ಹಿಂದಿನ ಕತ್ತಲೆ ಕೋಣೆಗೆ ಹೋಗಿ ನಲ್ಲಿ ಬಿಟ್ಟಳು. ರೀಲಿನ ಕಾಲ ಮುಗಿದ ಮೇಲೆ ಅಲ್ಲಿ ಹಳೆ ಪರದೆಗಳು, ಮುರಿದ ಸ್ಟ್ಯಾಂಡುಗಳು ತುಂಬಿದ್ದವು. ಹಿಂದೆಯೇ ಔಷಧಿ ಅಂಗಡಿಯವನ ಹೆಂಡತಿ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಕ್ಷಮೆ ಕೇಳಬೇಕೆಂದು ಮಗಳು ಎಷ್ಟೋ ವರ್ಷದಿಂದ ಮಾತು ಜೋಡಿಸಿಟ್ಟುಕೊಂಡಿದ್ದಳು. "ಅಕ್ಕ, ಅವತ್ತು ನಾನು," ಎಂದು ಶುರು ಮಾಡಿದಳು.

"ಅದೆಲ್ಲ ಬಿಡು. ಹೊತ್ತಿಲ್ಲ," ಎಂದಳು ಆ ಹೆಂಗಸು. "ಭಾನುವಾರ ನೀನು ಬರಲ್ಲ ಅಂತ ನಿನ್ನ ಮುಖದಲ್ಲೇ ಗೊತ್ತಾಯ್ತು. ಬರಬೇಕು."

ಹೆಂಗಸು ದನಿ ತಗ್ಗಿಸಿ, ತಡೆ ತಡೆದು ಹೇಳಿದಳು. ಮದುವೆ ನಿಶ್ಚಯವಾದಂದಿನಿಂದ ತನ್ನ ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ಕೇಳೋಣವೆಂದರೆ ಮನೆಯಲ್ಲಿ ಸದಾ ಯಾರಾದರೂ ಇರುತ್ತಾರೆ. ಒಂದು ಸಲ ಸಿಕ್ಕಾಗ ಕೇಳಿದರೆ, ನೀನು ಅಪ್ಪನಿಗೆ ಹೇಳ್ತೀಯ ಎಂದುಬಿಟ್ಟಳು.

"ಇಪ್ಪತ್ಮೂರು ವರ್ಷದಲ್ಲಿ ನಾನು ಅವ್ರಿಗೆ ಹೇಳದೆ ಇದ್ದದ್ದು ಯಾವುದೂ ಇಲ್ಲ. ಅವಳು ನನ್ನ ನಂಬಲ್ಲ. ನಿನ್ನ ಹತ್ರ ಹೇಳಿದ್ರೂ ಹೇಳಬಹುದು. ಹೇಳಿದ್ರೆ, ಈ ಸಲ ನನಗೆ ಹೇಳು. ಬೇರೆ ಯಾರಿಗೂ ಹೇಳಬೇಡ."

"ಹೇಳಿದ್ರೆ ನೀವೇನು ಮಾಡ್ತೀರಿ ಅಕ್ಕ?"

ಹೆಂಗಸು ಮುರಿದ ಸ್ಟ್ಯಾಂಡುಗಳನ್ನು ನೋಡಿದಳು. "ಏನು ಮಾಡ್ತೀನೋ ಗೊತ್ತಿಲ್ಲ. ಆದ್ರೆ ನನಗೆ ಗೊತ್ತಿರ್ಲಿಲ್ಲ ಅಂತ ಆಗಬಾರದು."

ಹೊರಗೆ ಅವಳ ಗಂಡ ಕರೆದ. ಅವಳು ನಲ್ಲಿಯ ಕೆಳಗೆ ಕೈಯೊಡ್ಡಿ, ಮುಖ ತೊಳೆದುಕೊಂಡು, ಅದಕ್ಕೇ ಬಂದವಳಂತೆ ಹೊರಟುಹೋದಳು.

ಸ್ಮಶಾನದಲ್ಲಿ ಎಲ್ಲ ಬೇಗ ಮುಗಿಯಿತು. ಜನ ಚದುರುವಾಗ ಔಷಧಿ ಅಂಗಡಿಯವನು ಮತ್ತೆ ಹತ್ತಿರ ಬಂದ. ಅವನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು:

"ಬರ್ತೀನಿ ಸರ್. ಆದ್ರೆ ಹುಡುಗಿ ಕೋಣೆಗೆ ನಾನೊಬ್ಳೇ. ಒಂದು ಗಂಟೆ ಹೊತ್ತು ಬಾಗಿಲು ಹಾಕ್ಕೋತೀನಿ. ಯಾರೂ ಇರಬಾರದು, ಮನೆಯವರೂ."

ಅವನ ಮುಖ ಅರಳಿತು. ತಂದೆಗೆ ತಕ್ಕ ಮಗಳು ಎಂದು ಚಿಕ್ಕಪ್ಪನ ಕಡೆ ತಿರುಗಿ ಹೇಳಿದ. ಕಡಲ ಕಡೆಯ ಗೆಳತಿಗೆ ಏನು ಹೇಳುವುದೆಂದು ಮಗಳಿಗೆ ತಿಳಿಯಲಿಲ್ಲ. ಭಾನುವಾರದ ಬಾಗಿಲನ್ನು ಮತ್ತೆ ತೆರೆಯುವಾಗ ಹೊರಗೆ ಯಾರ್ಯಾರು ನಿಂತಿರುತ್ತಾರೆ ಎಂಬುದೂ ತಿಳಿಯಲಿಲ್ಲ.

ಅವನು ಹೆಂಡತಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ತಾನು ಮುಂದೆ ಕೂತ. ಮಗಳು ದಾರಿಯ ಪಕ್ಕಕ್ಕೆ ಸರಿದು ನಿಂತಳು. ಹಿಂದಿನ ಕಿಟಕಿಯ ಗಾಜು ಎರಡು ಬೆರಳಷ್ಟು ಕೆಳಗಿಳಿಯಿತು. ಆ ಸಂದಿನಲ್ಲಿ ಹೆಂಗಸಿನ ಕಣ್ಣುಗಳು, ಗಾಜಿನ ಅಂಚು ಹಿಡಿದ ಬೆರಳುಗಳು ಕಾಣಿಸಿದವು. ಧೂಳು ಬರುತ್ತದೆ ಎಂದು ಅವನು ಅಂದದ್ದು ಕೇಳಿಸಿತು. ಮುಂದಿನ ಸೀಟಿನಿಂದಲೇ ಗುಂಡಿ ಒತ್ತಿದ. ಗಾಜು ಮೆಲ್ಲಗೆ ಮೇಲೇರಿತು, ಹೆಂಗಸು ಕೊನೆಯ ಕ್ಷಣದಲ್ಲಿ ಬೆರಳು ಒಳಗೆಳೆದುಕೊಂಡಳು.