ಸಾಕ್ಷಿದಿಬ್ಬ

“ದೂರ ನಿಲ್ಲೇ, ಇಲಿ ತಿನ್ನೋ ಜಾತಿಯವಳೇ! ನಿನ್ನ ನೆರಳು ಪಂಪಿನ ಮೇಲೆ ಬೀಳ್ತಿದೆ, ಕಣ್ಣು ಕಾಣಲ್ವಾ?”

ಬುಧನಿ ಹಿಂದಕ್ಕೆ ಸರಿದಳು. ಸರಿದದ್ದು ಸಾಲದೆಂದು ಕ್ರಷರಿನ ಲೆಕ್ಕ ಬರೆಯುವ ಮುನ್ಷಿ ಲೀಲಾಂಬರ ಕೈಯಲ್ಲಿದ್ದ ಕೋಲಿನಿಂದ ಅವಳ ತಪ್ಪಲೆಯನ್ನೂ ತಳ್ಳಿದ. ತಪ್ಪಲೆ ಉರುಳಿ ಕಲ್ಲಿಗೆ ಬಡಿದು ಸೊಟ್ಟಗಾಯಿತು. ಕೈಪಂಪು ಹೊಡೆಯುತ್ತಿದ್ದ ಆಳು ಹಲ್ಲು ಕಿರಿದ. ಅವನು ತಂಬಿಗೆ ತುಂಬಿಸಿ ಎದೆಯ ಎತ್ತರದಿಂದ ಸುರಿದಾಗ ತಪ್ಪಲೆಗೆ ಬಿದ್ದದ್ದು ಅರ್ಧ, ಮರಳಿಗೆ ಬಿದ್ದದ್ದು ಅರ್ಧ. ಮರಳಿಗೆ ಬಿದ್ದದ್ದು ಕಣ್ಣು ಮಿಟುಕಿಸುವುದರೊಳಗೆ ಮಾಯವಾಯಿತು.

ಈ ಸೀಮೆಯಲ್ಲಿ ನೀರಿನ ಗುಣವೇ ಅದು. ಚುರೆ ಗುಡ್ಡಗಳಿಂದ ಭೋರ್ಗರೆಯುತ್ತ ಇಳಿದು ಬರುವ ಸುಖಾಹಿ ನದಿ, ಬುಡದಲ್ಲಿ ಉಂಡೆಗಲ್ಲಿನ ಬಯಲು ಸಿಕ್ಕಿದ್ದೇ ತಡ, ನೆಲದೊಳಗೆ ಇಳಿದುಬಿಡುತ್ತದೆ. ಹರದಾರಿಗಟ್ಟಲೆ ಕೆಳಗೆ, ಭತ್ತ ಬೆಳೆಯುವವರ ಊರುಗಳ ಹತ್ತಿರ ಹೋಗಿ ಮತ್ತೆ ಮೇಲೇಳುತ್ತದೆ. ‘ಗುಡ್ಡದ ಮಗಳು, ಮಾವನ ಊರು ದಾಟೋಗಂಟ ಮುಸುಕು ತಗ್ಯಾಕಿಲ್ಲ’ ಎನ್ನುತ್ತಾರೆ ಬುಧನಿಯ ಜಾತಿಯವರಾದ ಮುಸಹರರ ಕೇರಿಯ ಮುದುಕಿಯರು. ನಡುವಿನ ಕಲ್ಲುಬಯಲು ಯಾರಿಗೂ ಬೇಡದ ಜಾಗ. ಅದಕ್ಕೇ ಅದು ಮುಸಹರರ ಪಾಲಿಗೆ ಬಂದದ್ದು. ಆದರೂ ಕೇರಿಯ ಬಾವಿಯಲ್ಲಿ ಮುಸುಕಿನೊಳಗಿನ ಆ ನೀರು ಬೇಸಿಗೆಯಲ್ಲೂ ಹಗ್ಗಕ್ಕೆ ಸಿಗುತ್ತಿತ್ತು. ಮಾಲಿಕ ಹರಿನಂದನ ಚೌಧರಿಯ ಕಲ್ಲಿನ ಕ್ರಷರ್ ಬಂದ ಮೇಲೆ ಬಾವಿಯ ತಳದಲ್ಲಿ ಬರೀ ಜಲ್ಲಿ ಉಳಿಯಿತು.

ಕ್ರಷರ್ ಗುಂಡಿಯ ಮೂಲೆಯಲ್ಲಿ ನಿಂತ ಹಸಿರು ನೀರು ಕುಡಿದು ಬುಧನಿಯ ಮಗಳು ಫೂಲೋ ಭೇದಿ ಹತ್ತಿ ಮಲಗಿದ್ದಳು. ಗಂಡ ಪಂಜಾಬಿಗೆ ಗೋಧಿ ಕೊಯ್ಯಲು ಹೋದವನು. ಈ ಅರ್ಧ ತಪ್ಪಲೆ ಒಳ್ಳೆಯ ನೀರಿಗಾಗಿ ಹಗಲೆಲ್ಲ ಕಲ್ಲು ಹೊತ್ತು, ಸಂಜೆ ಹೀಗೆ ನಾಯಿಯ ಹಾಗೆ ನಿಲ್ಲಬೇಕಾಗಿತ್ತು.

“ಕೇಳಿಲ್ಲಿ,” ಎಂದ ಮುನ್ಷಿ, ದನಿ ಸ್ವಲ್ಪ ಇಳಿಸಿ. “ನಾಳೆ ಬೆಳಿಗ್ಗೆ ಸರ್ಕಾರದ ದೊಡ್ಡ ಅಧಿಕಾರಿ, ಹಾಕಿಮರು ಗುಂಡಿ ನೋಡೋಕೆ ಬರ್ತಾರೆ. ಕೆಳಗಿನ ಊರವರು ದೂರು ಕೊಟ್ಟಿದ್ದಾರಂತೆ, ಊಟೆ ಬತ್ತಿತು, ಗದ್ದೆ ಒಣಗಿತು ಅಂತ. ಅಷ್ಟರೊಳಗೆ ಗುಂಡಿ ನಡುವಿನ ಆ ನಿಮ್ಮ ದಿಬ್ಬ ಇರಬಾರದು. ಹೋಗಿ ನಿನ್ನ ಮಾವನಿಗೆ ಹೇಳು.”

“ನಿಮ್ ಜೆಸಿಬಿ ಏನಾತು ಮುನ್ಷಿಜೀ?”

“ಅದನ್ನ ಕಾಡಲ್ಲಿ ಬಚ್ಚಿಟ್ಟಿದೆ ಕಣೇ, ದಡ್ಡಮುಂಡೇದೆ. ಮಾಲಿಕರಿಗೆ ಪರ್ಮಿಟ್ ಇರೋದು ಮೇಲೆ ಬಿದ್ದಿರೋ ಕಲ್ಲು ಕೈಯಲ್ಲಿ ಆಯೋಕೆ ಮಾತ್ರ. ದಿಬ್ಬ ಕಡಿದು ಚಪ್ಪಟೆ ಮಾಡಿ. ನಿಮ್ಮ ಕೇರಿಗೇ ಒಂದು ಪಂಪು ಹಾಕಿಸ್ತಾರೆ ಮಾಲಿಕರು. ಇಲ್ಲಾಂದ್ರೆ ನಾಳೆಯಿಂದ ಈ ನೀರೂ ಇಲ್ಲ. ಇಲಿ ಬಿಲಕ್ಕೆ ಬಾಯಿ ಹಾಕಿ ಕುಡೀರಿ.”

ಮಣ್ಣು ತೋಡುವ ಮುಸಹರರು ಗುಂಡಿಯ ನಡುವೆ ಒಂದು ತುಂಡು ನೆಲವನ್ನು ಮುಟ್ಟದೆ ಬಿಡುತ್ತಾರೆ. ಎಷ್ಟು ಆಳ ತೋಡಿದರೂ ಅದು ಹಾಗೇ, ಮೊದಲಿನ ಹುಲ್ಲು ತಲೆಯ ಮೇಲೆ ಹೊತ್ತು ನಿಂತಿರುತ್ತದೆ. ಅದೇ ಸಾಕ್ಷಿ. ಅದನ್ನು ನೋಡಿಯೇ ಕೂಲಿಯ ಅಳತೆ. ಯಾರೂ ಮೇಲೆ ಮಣ್ಣು ಪೇರಿಸಿ ಮೋಸ ಮಾಡಬಾರದೆಂದು ಹುಲ್ಲಿಗೆ ಕೆಂಪು ದಾರ ಕಟ್ಟಿ ಸಿಂಧೂರ ಇಡುತ್ತಾರೆ. ಕ್ರಷರ್ ಬಂದ ಹೊಸತರಲ್ಲಿ ಗುದ್ದಲಿ ಹಾಕಿದವನು ಬುಧನಿಯ ಮಾವ ಬಿಲಟ್, ಆ ದಿಬ್ಬ ಬಿಟ್ಟವನೂ ಅವನೇ. ಆಮೇಲೆ ಜೆಸಿಬಿ ಬಂತು. ಸಿಂಧೂರ ಕಂಡ ಡ್ರೈವರ್ ಹೆದರಿ ಸುತ್ತಲೂ ತೋಡಿದ. ಈಗ ಗುಂಡಿ ಮೂರು ಆಳುದ್ದಕ್ಕಿಂತ ಆಳ. ‘ನಾವು ತೋಡಿಲ್ಲ, ಪ್ರವಾಹ ಕೊರೆದದ್ದು’ ಎಂದು ಮಾಲಿಕ ಹೇಳಬಹುದಿತ್ತು. ಆದರೆ ಯಾವ ಪ್ರವಾಹ ನಟ್ಟನಡುವೆ ಹುಲ್ಲು ಸಮೇತ ಕಂಬ ಬಿಟ್ಟು ಹೋಗುತ್ತದೆ?

*

“ಆಗಾಕಿಲ್ಲ,” ಎಂದ ಬಿಲಟ್. ಗುಡಿಸಲ ಮುಂದೆ ಕೇರಿಯೆಲ್ಲ ಸೇರಿತ್ತು. “ಅಳ್ತೆ ಆಗೋಕ್ ಮುಂಚೆ ಸಾಕ್ಷಿ ಕಡ್ದೋನ ಕೈಲಿ ನಮ್ಮಪ್ಪ ನೀರು ಇಸ್ಕಂತಿರ್ಲಿಲ್ಲ.”

ಬುಧನಿ ಮಾವನೆದುರು ಸೆರಗು ಮುಂದಕ್ಕೆ ಎಳೆದುಕೊಂಡೇ ಮಾತಾಡುವವಳು. ಈಗಲೂ ಎಳೆದುಕೊಂಡಳು. ಮಾತು ಮಾತ್ರ ಮುಸುಕಿನೊಳಗೆ ನಿಲ್ಲಲಿಲ್ಲ.

“ಇಸ್ಕಳಾಕೆ ನೀರೆಲ್ಲದೆ ಮಾವಯ್ಯಾ?”

ಒಳಗೆ ಫೂಲೋ ನರಳಿದಳು.

“ಜನ್ಮ ಪೂರ್ತಿ ಸಾಕ್ಷಿ ಬುಟ್ಕಂಡು ಬಂದೆ. ಯಾವ್ ಮಾಲಿಕ ನೆಟ್ಟಗೆ ಅಳ್ದ? ಯಾವ್ ಹಾಕಿಮ ನಿನ್ ಸಾಕ್ಷಿ ಕೇಳ್ದ? ನಾಕ್ ದಿನದಲ್ಲಿ ನನ್ ಕೂಸು ಕಡ್ಡಿ ಆಗೋಗದೆ. ಅವ್ಳ ಬಾಯಿಗೆ ಮಣ್ಣು ಹಾಕ್ಲಾ? ಪಂಪು ಹಾಕುಸ್ತೀನಿ ಅಂತವ್ರೆ. ಸುಳ್ಳೋ ನಿಜವೋ, ನಾನ್ ಕಡೀತೀನಿ.”

ಬಿಲಟ್ ಸೊಸೆಯ ಮುಖ ನೋಡಲಿಲ್ಲ, ನೆಲ ನೋಡಿದ. ಅವಳು ಹೇಳಿದ್ದರಲ್ಲಿ ಸುಳ್ಳೆಂಬುದು ಒಂದೂ ಇರಲಿಲ್ಲ. ಗುಡಿಸಲ ಮೂಲೆಯಿಂದ ತನ್ನ ಗುದ್ದಲಿ ತಂದು ಅವಳ ಕಾಲ ಬಳಿ ಇಟ್ಟ.

“ಓಗು. ಮ್ಯಾಲಿಂದ ಕಡ್ಕಂಡ್ ಬಾ. ಬುಡ ಕಡುದ್ರೆ ಮೈಮ್ಯಾಲೆ ಬೀಳ್ತದೆ,” ಎಂದ. “ನಾನ್ ಬರಾಕಿಲ್ಲ.”

*

ಹೊತ್ತು ಪೂರ್ತಿ ಮುಳುಗುವ ಮುಂಚೆ ಬುಧನಿ ದಿಬ್ಬಕ್ಕೆ ಬಿದಿರೇಣಿ ಹಾಕಿ ಹತ್ತಿದಳು. ಬುಡದಲ್ಲಿ ಬೂದು ಜೇಡಿ. ಅದರ ಮೇಲೆ ಮರಳು. ಮರಳಿನ ಮೇಲೆ ಹಂಡೆಯಷ್ಟು ದಪ್ಪದ ನುಣುಪು ಕಲ್ಲುಗಳು, ಮತ್ತೆ ಜಲ್ಲಿ, ಮೇಲೆ ಕೆಂಪುಮಣ್ಣು. ಗುಡ್ಡ ಯಾವ ಕಾಲದಿಂದಲೋ ಮಳೆಗಾಲಕ್ಕೊಂದು ಹೇರು ತಂದು ಸುರಿದದ್ದೆಲ್ಲ ಪದರು ಪದರಾಗಿ ಅವಳ ಮೂಗಿನ ಮುಂದೆ ಇಳಿಯುತ್ತ ಹೋಯಿತು. ನಡುವೆ ಒಂದು ಕಡೆ ಕಲ್ಲುಗಳ ಬಣ್ಣವೇ ಬೇರೆ. ಒಂದು ಗೆರೆಯಿಂದ ಕೆಳಕ್ಕೆ ಎಲ್ಲವೂ ತುಕ್ಕಿನ ಬಣ್ಣ, ಹಳೆಯ ನೀರಿನ ಗಡಿಗೆಯ ಒಳಮೈಯ ಹಾಗೆ. ಮುಟ್ಟಿದಳು. ಒಣಗಿ ಪುಡಿಯಾಗಿತ್ತು.

ಮೇಲೆ ನಿಂತು, ಸೆರಗು ಸೊಂಟಕ್ಕೆ ಬಿಗಿದು ಗುದ್ದಲಿ ಎತ್ತಿದಳು. ಎತ್ತಿದವಳ ಕಣ್ಣು ಎದುರಿಗೆ ಬಿತ್ತು.

ಎದುರಿಗೆ ಅವಳ ಕೇರಿಯ ಬಾವಿ. ಬಾವಿಯ ಕಟ್ಟೆ ಅವಳ ಪಾದದ ಮಟ್ಟಕ್ಕೇ ಇತ್ತು. ಬಾವಿಗೆ ಉಗುಳಿನಷ್ಟು ದೂರಕ್ಕೆ ಗುಂಡಿಯ ಗೋಡೆ ಬಂದುಬಿಟ್ಟಿತ್ತು. ಆ ಗೋಡೆಯಲ್ಲೂ ಅದೇ ತುಕ್ಕಿನ ಗೆರೆ, ಮೊದಲು ನೀರು ನಿಲ್ಲುತ್ತಿದ್ದ ಮಟ್ಟ. ಬಾವಿ ಎಷ್ಟು ಆಳ ಎಂಬುದು ಹಗ್ಗ ಎಳೆದೆಳೆದು ಅವಳ ತೋಳಿಗೇ ಗೊತ್ತು. ಗೆರೆ ದಾಟಿ ತುಸು ಕೆಳಗೆ ಬಾವಿಯ ತಳ. ಅಲ್ಲಿಂದಲೂ ಒಂದಾಳು ಕೆಳಗೆ ಚೌಧರಿಯ ಗುಂಡಿಯ ತಳ. ದಿನಾ ಇದೇ ಗುಂಡಿಯಲ್ಲಿ ಓಡಾಡಿದವಳು. ಆದರೆ ತಲೆಯ ಮೇಲೆ ಕಲ್ಲಿನ ಬುಟ್ಟಿ ಇದ್ದವಳು ಕತ್ತೆತ್ತಿ ನೋಡುವುದುಂಟೆ? ಅವಳು ಹೊತ್ತ ಒಂದೊಂದು ಬುಟ್ಟಿಯೂ ಬಾವಿಯ ಕೆಳಗಿಂದ ಬಂದದ್ದು. ತನ್ನ ಮಗಳ ನೀರನ್ನು ತಾನೇ ಹೊತ್ತು ಹಾಕಿದ್ದಳು.

“ಏನೇ ನೋಡ್ತಾ ನಿಂತೆ? ಕಡಿಯೇ!” ಕೆಳಗಿಂದ ಮುನ್ಷಿ ಕೂಗಿದ.

“ಮುನ್ಷಿಜೀ, ಪಂಪು ಹಾಕುಸ್ತೀವಿ ಅಂದ್ರಲ್ಲ. ಪೈಪ್ ಎಲ್ಲಿಗೆ ಇಳುಸ್ತೀರಿ?”

“ನಿಮ್ಮ ಬಾವಿ ಪಕ್ಕದಲ್ಲೇ ಕಣೇ.”

“ಆಮ್ಯಾಲೆ ನೀವ್ ಇನ್ನೊಂದಾಳು ತೋಡುದ್ರೆ?”

“ಅದೆಲ್ಲ ನಿನಗ್ಯಾಕೆ? ಇಲಿ ತಿಂದ್ಕೊಂಡು ಬಿದ್ದಿರೋ ಜನಕ್ಕೆ ಲೆಕ್ಕಾಚಾರ ಬೇರೆ! ಕಡೀತೀಯೋ, ಹತ್ತಿ ಬಂದು ಒದ್ದು ಕೆಳಕ್ಕೆ ಬೀಳಿಸ್ಲೋ?”

ಅವನು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಬುಧನಿ ಬಗ್ಗಿ ಏಣಿಯ ತುದಿ ಹಿಡಿದು ಅಲ್ಲಾಡಿಸಿದಳು. ಮುನ್ಷಿ ಜಲ್ಲಿಯ ಮೇಲೆ ಅಂಡೂರಿ ಬಿದ್ದ. ಅವನು ಏಳುವಷ್ಟರಲ್ಲಿ, ಕಲ್ಲು ಹೊತ್ತು ಗಟ್ಟಿಯಾದ ಅವಳ ತೋಳುಗಳು ಆ ಏಣಿಯನ್ನು ಮೇಲಕ್ಕೆ ಎಳೆದುಕೊಂಡಿದ್ದವು. ಆಮೇಲೆ ಅವಳು ಕೆಂಪು ದಾರ ಕಟ್ಟಿದ ಹುಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ಕಡ್ಯಾಕಿಲ್ಲ, ಓಗೋ ಬೇವರ್ಸಿ!”

ಅವನು ಕಲ್ಲು ಬೀರಿದ. ಒಂದು ಅವಳ ಹುಬ್ಬಿಗೆ ತಗಲಿ ರಕ್ತ ಬಂತು. ಅವಳು ಇಳಿಯಲಿಲ್ಲ, ರಾತ್ರಿಯೂ ಇಳಿಯಲಿಲ್ಲ.

*

ಬೆಳಿಗ್ಗೆ ಗುಂಡಿಯ ಅಂಚಿನಲ್ಲಿ ಕೊಡೆ ಬಿಚ್ಚಿತು, ಕುರ್ಚಿ ಬಂತು, ಲಸ್ಸಿ ಬಂತು. ಹಾಕಿಮ ಬೆವರು ಒರೆಸಿಕೊಳ್ಳುತ್ತ ಕೂತ. ಬಿಳಿ ಧೋತಿಯ ಚೌಧರಿ ಪಕ್ಕದಲ್ಲಿ ಕೈಕಟ್ಟಿ ನಿಂತ.

“ಎಲ್ಲ ಹೋದ ವರ್ಷದ ಪ್ರವಾಹ ಹಜೂರ್. ನದಿ ಹೇಗೆ ಕೊರೆದಿದೆ ನೋಡಿ. ನಮ್ಮ ಹೊಟ್ಟೆ ಉರೀತದೆ.”

“ನಡುವೆ ಅದೇನು ಮತ್ತೆ?”

ಚೌಧರಿಗೆ ನಾಲಿಗೆ ತಡವರಿಸಲಿಲ್ಲ. ಎರಡೂ ಕೈ ಜೋಡಿಸಿ ದಿಬ್ಬದ ಕಡೆ ತಿರುಗಿ ಕಣ್ಣು ಮುಚ್ಚಿದ. “ಮುಸಹರರ ದೇವಸ್ಥಾನ ಹಜೂರ್. ಪಾಪ, ಬಡವರ ದೇವರು. ನೋಡಿ, ಸಿಂಧೂರ ಇದೆ, ದಾರ ಇದೆ. ಸುತ್ತ ಬಂಡೆ ಇಟ್ಟು ಪ್ರವಾಹದಿಂದ ಕಾಪಾಡಿದ್ದೇ ನಾನು.”

“ಮೇಲೆ ಹೆಂಗಸೊಬ್ಬಳು ಕೂತಿದ್ದಾಳಲ್ಲ?”

“ಮೈಮೇಲೆ ಬಂದಿದೆ ಹಜೂರ್. ನಿನ್ನೆಯಿಂದ ಹಾಗೇ ಕೂತಿದ್ದಾಳೆ.”

ಬುಧನಿ ಎದ್ದು ನಿಂತಳು. ಸೆರಗು ಎಲ್ಲೋ ಹೋಗಿತ್ತು, ಹುಬ್ಬಿನ ರಕ್ತ ಕೆನ್ನೆಯ ಮೇಲೆ ಒಣಗಿತ್ತು. ಗಂಟಲು ಆರಿ ಮಾತು ಒಡೆದು ಒಡೆದು ಬಂತು.

“ದ್ಯಾವ್ರೂ ಇಲ್ಲ, ಗೀವ್ರೂ ಇಲ್ಲ ಸ್ವಾಮಿ! ಸಾಕ್ಷಿ ಇದು! ಇಳ್ದ್ ಬಂದು ನೋಡಿ, ಗುದ್ಲಿ ಗುರ್ತದೆ, ಜೆಸಿಬಿ ಹಲ್ಲಿನ ಗುರ್ತದೆ! ನಮ್ ಬಾವಿ ನೋಡಿ! ಒಂದ್ಸಲ ಅಳೀರಿ ಸ್ವಾಮಿ!”

ಹಾಕಿಮ ಊರೂರಿನ ಗುಂಡಿ ಅಳೆದವನು. ಸಾಕ್ಷಿ ಅಂದರೇನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಗಳಿಗೆ ಬುಧನಿಯನ್ನೇ ದಿಟ್ಟಿಸಿದ. ಆಮೇಲೆ ಕುರ್ಚಿಯಿಂದ ಎದ್ದು, ಬೂಟು ಕಳಚಿ ಪಕ್ಕಕ್ಕಿಟ್ಟು, ದಿಬ್ಬದ ಕಡೆಗೆ ಭಕ್ತಿಯಿಂದ ಕೈಮುಗಿದ. ಮತ್ತೆ ಬೂಟು ಹಾಕಿಕೊಂಡ.

“ಧರ್ಮದ ವಿಷಯ. ಅದನ್ನು ಅಳೆಯೋದು ಸರಿಯಲ್ಲ,” ಎಂದು ಗುಮಾಸ್ತನಿಗೆ ಹೇಳಿದ. “ನದಿ ಕೊರೆತ ಅಂತ ಬರ್ಕೊಳ್ಳಿ.”

ಲಸ್ಸಿ ಚೆನ್ನಾಗಿತ್ತೆಂದು ಹೇಳಿ ಹೊರಟುಹೋದ.

*

ಅವನ ಜೀಪಿನ ಧೂಳು ಇಳಿಯುವ ಮುಂಚೆ ಜೆಸಿಬಿ ಕಾಡಿನಿಂದ ಹೊರಬಂತು. ಗುಂಡಿಗೆ ಇಳಿಯಲು ಇದ್ದದ್ದು ಒಂದೇ ದಾರಿ, ಮಣ್ಣು ಪೇರಿಸಿ ಮಾಡಿದ ಇಳಿಜಾರು. ಮುನ್ಷಿ ಡ್ರೈವರನ ಪಕ್ಕದಲ್ಲೇ ನೇತಾಡಿಕೊಂಡು ಬಂದ.

“ಹೊಡಿ! ದೇವರನ್ನೂ ಹೊಡಿ, ಅವಳನ್ನೂ ಹೊಡಿ!”

ಯಂತ್ರದ ಕೈ ಮೇಲೆದ್ದು ದಿಬ್ಬದ ಹತ್ತಿರ ಬಂದು ನಿಂತಿತು. ಬಕೆಟ್ಟಿನ ಹಲ್ಲುಗಳು ಬುಧನಿಯ ಮುಖದ ಮುಂದೆಯೇ ಇದ್ದವು. ಅವಳು ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಡ್ರೈವರನ ಹೆಸರು ಘಲೆ, ಗುಡ್ಡದ ಮೇಲಿನ ಊರವನು. ಅವಳನ್ನು ನೋಡಿದ, ಮುನ್ಷಿಯನ್ನು ನೋಡಿದ, ಚಾವಿ ತಿರುಗಿಸಿ ಯಂತ್ರ ನಿಲ್ಲಿಸಿದ.

“ಕಲ್ಲು ತೆಗೆಯೋ ಕೂಲಿ ನಂದು. ಕೊಲೆ ಮಾಡೋ ಕೂಲಿ ಅಲ್ಲ,” ಎಂದವನೇ ಚಾವಿಯನ್ನು ಹಸಿರು ನೀರಿಗೆ ಎಸೆದು, ನೆರಳಿಗೆ ಹೋಗಿ ಬೀಡಿ ಹಚ್ಚಿದ.

ಯಂತ್ರ ಸುಮ್ಮನಾದ ಮೇಲೆ ಆ ಸದ್ದು ಕೇಳಿಸಿತು. ಗುದ್ದಲಿಗಳ ಸದ್ದು. ಇಳಿಜಾರಿನ ನೆತ್ತಿಯಲ್ಲಿ ಬಿಲಟ್ ಬಗ್ಗಿದ ಬೆನ್ನು ಇನ್ನೂ ಬಗ್ಗಿಸಿ ತೋಡುತ್ತಿದ್ದ. ಅವನ ಹಿಂದೆ ಇಡೀ ಕೇರಿ. ಗಂಡಸರು ಅಗೆದರು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತು ಆಚೆಗೆ ಚೆಲ್ಲಿದರು. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಕೂಲಿಗೆ ಮಾಡುವ ಹಾಗೆಯೇ ಮಾಡಿದರು. ಮುನ್ಷಿ ಬಾಯಿ ಬಡಿದುಕೊಂಡು ಓಡಿ ಹೋಗಿ ನೋಡುವಷ್ಟರಲ್ಲಿ ದಾರಿ ಕಡಿದು ಆಳುದ್ದದ ಕಂದಕವಾಗಿತ್ತು. ಇನ್ನೂ ಇಳಿಯುತ್ತಿತ್ತು. ಕಂದಕದ ನಡುವೆ ಬಿಲಟ್ ಒಂದು ತುಂಡು ನೆಲವನ್ನು ಮುಟ್ಟದೆ ಬಿಟ್ಟಿದ್ದ. ಅದರ ತಲೆಯ ಹುಲ್ಲಿಗೆ ತನ್ನ ಸೊಂಟದ ಕೆಂಪು ದಾರ ಕಿತ್ತು ಕಟ್ಟಿದ್ದ.

“ನಾಳೆ ಯಾರಾರ ಅಳ್ಯಾಕ್ ಬತ್ತಾರೆ, ಇರ್ಲಿ,” ಎಂದ.

ಮೇಲೆ ಚೌಧರಿ ಆಗಲೇ ಜಾಗ ಖಾಲಿ ಮಾಡಿದ್ದ. ಪಂಪಿನ ಕಡೆಯಿಂದ ಕೀರಲು ಸದ್ದು ಬಂತು. ಕೇರಿಯ ಹೆಂಗಸರು ತಮ್ಮ ಕೈಯಿಂದಲೇ ಹಿಡಿ ಹಿಡಿದು ಒತ್ತುತ್ತಿದ್ದರು. ಬುಧನಿ ಕಿವಿಗೊಟ್ಟಳು. ಫೂಲೋ ಅಳುವುದು ಕೇಳಿಸಲಿಲ್ಲ.

“ಕೂಸು ಕುಡೀತಾ ಮಾವಯ್ಯಾ?” ಎಂದು ಕೂಗಿದಳು.

ಬಿಲಟ್ ಕೈ ಎತ್ತಿದ. ಕುಡಿಯಿತು ಎಂದೋ, ತಾಳು ಎಂದೋ, ಅಷ್ಟು ದೂರದಿಂದ ಅವಳಿಗೆ ತಿಳಿಯಲಿಲ್ಲ. ಮತ್ತೆ ಕೇಳಲು ಧೈರ್ಯ ಬರಲಿಲ್ಲ.

ಆಚೆ ಹೆದ್ದಾರಿಯ ಕಡೆ ಧೂಳೆದ್ದಿತ್ತು. ಒಂದಲ್ಲ, ಸಾಲು ಜೀಪು. ಪೊಲೀಸರದೇ ಇರಬೇಕು. ಕಂದಕದ ಹತ್ತಿರ ಕೇರಿಯವರು ಗುದ್ದಲಿ ಊರಿಕೊಂಡು ಅತ್ತ ತಿರುಗಿ ನಿಂತರು.

ಗುಂಡಿಯ ಕಲ್ಲು ಕಾದು ಹೆಂಚಾಗಿತ್ತು. ಮುನ್ಷಿ ಲೀಲಾಂಬರ ಗುಂಡಿಯಿಂದ ಮೇಲೆ ಹತ್ತಲು ದಾರಿ ಕಾಣದೆ, ಟೋಪಿ ಕಳಕೊಂಡು, ತುಟಿ ಒಣಗಿಸಿಕೊಂಡು ದಿಬ್ಬದ ಬುಡಕ್ಕೆ ಬಂದ. ಮೇಲೆ ಬುಧನಿಯ ತೊಡೆಯ ಮೇಲೆ ಏಣಿ ಅಡ್ಡಕ್ಕೆ ಮಲಗಿತ್ತು.

“ಏಣಿ ಇಳಿಸಮ್ಮಾ... ಬುಧನೀ, ನಿನ್ನ ದಮ್ಮಯ್ಯ, ಆ ಏಣಿ ಒಂದು ಕೊಡು.”

ಬುಧನಿ ಬಗ್ಗಿ ಅವನನ್ನು ನೋಡಿದಳು.

“ದೂರ ನಿಲ್ಲು,” ಎಂದಳು. “ನಿನ್ ನೆಳ್ಳು ಸಾಕ್ಷಿ ಮ್ಯಾಲೆ ಬೀಳ್ತಾ ಅದೆ.”