ನೀಲಿ ಹೆಲ್ಮೆಟ್ಟು, ಒಳಗೆ ಕೆಂಪು ಮಖಮಲ್ಲು

ಹೆಲ್ಮೆಟ್ಟು ಹಾಕಿಕೊಂಡರೆ ಯಾರಿಗೆ ತಾನೇ ಹಿತ? ಕೆನ್ನೆ ಹಿಸುಕುತ್ತದೆ, ಕಿವಿ ಮಡಚುತ್ತದೆ, ತಲೆಯೆಲ್ಲ ಬೆವರು. ನಮ್ಮ ಬೀದಿಯಲ್ಲೂ ಇದೇ ಗೋಳು. ಪೊಲೀಸರು ಕಂಡರೆ ತಲೆಗೆ, ದಾಟಿದ ಮೇಲೆ ಕೈಗೆ. ಆ ಗೋಳನ್ನು ತೀರಿಸಿದವರು ನನ್ನ ಗಂಡ. ಹೇಗೆ ತೀರಿಸಿದರು ಅನ್ನುವುದೇ ಈ ಕಥೆ.

ನಮ್ಮದು ಸೀಟು ಹೊಲಿಯುವ ಅಂಗಡಿ. ಬೈಕಿನ ಸೀಟು, ಕಾರಿನ ಸೀಟು, ಸೋಫಾ, ಕುರ್ಚಿ. ಅವರು ಸ್ಪಂಜು ಕೊಯ್ದು ಕೂರಿಸುತ್ತಾರೆ, ನಾನು ಬಟ್ಟೆ ಕತ್ತರಿಸಿ ಹೊಲಿಯುತ್ತೇನೆ. ಮೂವತ್ತು ವರ್ಷವಾಯಿತು. ಬೀದಿಯವರೆಲ್ಲ ಅವರನ್ನು ಕರೆಯುವುದೇ ‘ಮೆತ್ತೆಯಣ್ಣ’ ಎಂದು. ನಮಗೆ ಒಬ್ಬಳೇ ಮಗಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ದಿನವೂ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಅರ್ಧ ಗಂಟೆ ಸ್ಕೂಟರ್ ಓಡಿಸಬೇಕು. ಒಂದು ಸಂಜೆ ಮನೆಗೆ ಬಂದವಳೇ ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದಳು.

“ಅಪ್ಪಾ, ನನ್ನ ಹಣೆ ನೋಡು, ಹೇಗೆ ಕೆಂಪಾಗಿದೆ!”

ಅಪ್ಪ ಅದನ್ನು ನೋಡಲಾರದೆ ಹೆಲ್ಮೆಟ್ಟನ್ನು ಮಗುಚಿ ಒಳಗಿನ ಬಟ್ಟೆ ಎಳೆದರು. ಅದರ ಹಿಂದೆ ಎರಡು ಬೆರಳು ದಪ್ಪ, ಗಟ್ಟಿ ಥರ್ಮಾಕೋಲಿನಂಥದ್ದು.

“ಓ, ಇದೇ ನೋಡು ಕಾರಣ! ತಲೆ ಏನು ಟಿವಿ ಡಬ್ಬಾನಾ, ಥರ್ಮಾಕೋಲ್ ತುಂಬೋದಕ್ಕೆ?”

ಅದನ್ನೆಲ್ಲ ಚಾಕುವಿನಲ್ಲಿ ಕೆರೆದು ಎಸೆದರು. ನಮ್ಮ ಅಂಗಡಿಯ ಒಳ್ಳೆಯ ಸ್ಪಂಜು ಕೂರಿಸಿದರು. ಮೇಲೆ ನಾನು ಮಖಮಲ್ಲು ಹೊಲಿದೆ. ಮಗಳು ಹಾಕಿಕೊಂಡು, “ಅಯ್ಯೋ, ದಿಂಬು!” ಎಂದು ನಕ್ಕಳು.

ಸುದ್ದಿ ಹರಡಿತು. ಪಕ್ಕದ ಬೀದಿಯಿಂದಲೂ ಜನ ಹೆಲ್ಮೆಟ್ಟು ಹಿಡಿದುಕೊಂಡು ಬಂದರು. ಒಂದು ವರ್ಷದಲ್ಲಿ ನಲವತ್ತೊಂದು ಹೆಲ್ಮೆಟ್ಟು. ಮೊದಲು ಹಾಕದವರೂ ಹಾಕತೊಡಗಿದರು. ನಮ್ಮವರಿಗೆ ಜಂಬವೋ ಜಂಬ, ನನಗೂ ಏನೂ ಕಡಿಮೆಯಿರಲಿಲ್ಲ ಬಿಡಿ.

ಅಷ್ಟರಲ್ಲಿ ನಮ್ಮ ಬೀದಿಯ ಅಂಚೆಯಣ್ಣ ಬೇಕರಿ ತಿರುವಿನ ಮರಳಿನಲ್ಲಿ ಬೈಕು ಜಾರಿ ಬಿದ್ದ. ವೇಗವೇನೂ ಇರಲಿಲ್ಲ. ಆದರೂ ಎರಡು ದಿನ ಎಚ್ಚರ ತಪ್ಪಿತ್ತು. ಎದ್ದು ಬಂದವನಿಗೆ ಮನೆ ನಂಬರುಗಳು ನೆನಪಲ್ಲಿ ನಿಲ್ಲುತ್ತಿರಲಿಲ್ಲ. ಕಾಗದ ಹಿಡಿದು ಒಂದೇ ಬೀದಿಯಲ್ಲಿ ಮೂರು ಸಲ ತಿರುಗುತ್ತಿದ್ದ. ಕೊನೆಗೆ ಆಫೀಸಿನವರು ಒಳಗೆ ಕೂರಿಸಿ ಮುದ್ರೆ ಒತ್ತುವ ಕೆಲಸ ಕೊಟ್ಟರು. ಅವನನ್ನು ನೋಡಲು ಹೋದಾಗ ನಮ್ಮವರು ಹೇಳಿದ್ದು ಇದು: “ನನ್ನ ಸ್ಪಂಜು ಇತ್ತು, ಬಚಾವಾದೆ. ಇಲ್ದಿದ್ರೆ ಏನು ಗತಿ!” ಆ ಪುಣ್ಯಾತ್ಮ ಎರಡೂ ಕೈ ಹಿಡಿದುಕೊಂಡು, “ನಿನ್ನ ಉಪಕಾರ ಮರೆಯಲ್ಲ ಅಣ್ಣಾ” ಎಂದ.

ಈ ಮಾತು ನೆನಪಿಟ್ಟುಕೊಳ್ಳಿ.

ನಮ್ಮವರಿಗೆ ಒಂದು ಹುಚ್ಚಿತ್ತು. ಊರಾಚೆ ಬೈಕ್ ರೇಸಿನ ಟ್ರ್ಯಾಕ್ ಇದೆ. ವರ್ಷಕ್ಕೊಂದು ದಿನ ನಮ್ಮಂಥವರಿಗೂ ಬಿಡುತ್ತಾರೆ. ಪಂದ್ಯವಿಲ್ಲ, ಬಹುಮಾನವಿಲ್ಲ. ನಿಮ್ಮ ಬೈಕು ತನ್ನಿ, ಹೇಳಿಕೊಟ್ಟ ಹಾಗೆ ಓಡಿಸಿ, ಮನೆಗೆ ಹೋಗಿ. ಐವತ್ನಾಲ್ಕನೇ ವಯಸ್ಸಿನಲ್ಲಿ ಈ ಮನುಷ್ಯ ಹೆಸರು ಕೊಟ್ಟು ಬಂದರು. “ಹೊಟ್ಟೆ ಮೊದಲು ಗೆಲ್ಲುತ್ತೆ, ಬೈಕು ಆಮೇಲೆ ಬರುತ್ತೆ” ಎಂದು ನಾನು ನಕ್ಕೆ. ಆದರೂ ಜೊತೆಗೆ ಹೋದೆ. ಬಾಡಿಗೆಗೆ ಕೊಟ್ಟ ಚರ್ಮದ ಉಡುಪಿನ ಜಿಪ್ಪು ಏರಿಸಲು ಇಬ್ಬರು ಹಿಡಿದು ಎಳೆಯಬೇಕಾಯಿತು.

ಅಲ್ಲಿ ಗಾಡಿ ತಪಾಸಣೆಗೆ ಒಬ್ಬ ಹೆಂಗಸಿದ್ದಳು. ಕತ್ತಿನಲ್ಲಿ ಸೀಟಿ, ಕೈಯೆಲ್ಲ ಗ್ರೀಸು. ಎಲ್ಲರೂ ಅಕ್ಕ ಅಕ್ಕ ಎನ್ನುತ್ತಿದ್ದರು. ಕನ್ನಡಿ ಬಿಚ್ಚಿಸಿದಳು, ಬಿದ್ದರೆ ಗಾಜು ಚೆದುರದಿರಲಿ ಎಂದು ದೀಪಕ್ಕೆ ಟೇಪು ಅಂಟಿಸಿದಳು, ಬ್ರೇಕು, ಚೈನು, ಟೈರು ನೋಡಿದಳು. ಕೊನೆಗೆ ಹೆಲ್ಮೆಟ್ಟು ಇಸಿದುಕೊಂಡು ಒಳಗೆ ಹೆಬ್ಬೆರಳು ಒತ್ತಿದಳು. ಒತ್ತಿದ್ದೇ ತಡ, ಮುಖ ಬದಲಾಯಿತು.

“ಇದರೊಳಗಿದ್ದದ್ದು ಎಲ್ಲಿ?”

“ತೆಗೆದುಹಾಕ್ದೆ. ಕಲ್ಲಿನ ಹಾಗಿತ್ತು” ಎಂದರು ನಮ್ಮವರು, ಬಹುಮಾನ ಕೊಡುತ್ತಾಳೇನೋ ಅನ್ನುವ ಹಾಗೆ ನಗುತ್ತ.

“ಇದನ್ನ ಹಾಕ್ಕೊಂಡು ನನ್ನ ಟ್ರ್ಯಾಕಿಗೆ ಇಳಿಯೋ ಹಾಗಿಲ್ಲ.”

“ಅಮ್ಮಾ ತಾಯಿ, ಮೂವತ್ತು ವರ್ಷದಿಂದ ಸ್ಪಂಜಲ್ಲೇ ಬದುಕಿದೀನಿ. ಮೆತ್ತಗಿದ್ದಷ್ಟೂ ಏಟು ಕಡಿಮೆ. ನನಗೇ ಹೇಳಿಕೊಡ್ತೀಯಾ?”

“ಕೂರೋ ವಿಷಯ ಆದ್ರೆ ನಿಮ್ಮ ಹತ್ರ ಕಲೀತೀನಿ ಅಣ್ಣಾ. ಬೀಳೋ ವಿಷಯ ನಾನು ದಿನಾ ನೋಡ್ತೀನಿ.” ಅಕ್ಕ ಕಪಾಟಿನಿಂದ ಬೇರೆ ಹೆಲ್ಮೆಟ್ಟು ತಂದು ಕೊಟ್ಟಳು. “ಇದು ನಮ್ದು. ಇವತ್ತಿಗೆ ಇದನ್ನ ಹಾಕ್ಕೊಳ್ಳಿ. ಕೆನ್ನೆ ಸ್ವಲ್ಪ ಒತ್ತುತ್ತೆ, ಒತ್ತಬೇಕು.”

ನಮ್ಮವರು ಮುಖ ಊದಿಸಿಕೊಂಡೇ ಹಾಕಿಕೊಂಡರು. ಆದರೆ ಬೆಳಗಿನ ಸುತ್ತುಗಳನ್ನು ಮುಗಿಸಿ ಬಂದಾಗ ಆ ಸಿಟ್ಟೆಲ್ಲ ಹಾರಿಹೋಗಿತ್ತು. “ಎದುರಿಗೆ ಬಸ್ಸಿಲ್ಲ, ಗುಂಡಿಯಿಲ್ಲ, ನಾಯಿಯಿಲ್ಲ! ಹಾರಿದ ಹಾಗಾಗುತ್ತೆ ಕಣೇ!” ಊಟ ಮಾಡುವಾಗಲೂ ಕೈಯಲ್ಲೇ ತಿರುವು ತೋರಿಸುತ್ತಿದ್ದರು. ಮದುವೆಯಾದ ಮೇಲೆ ಆ ಮನುಷ್ಯ ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನದ ಎರಡನೇ ಸುತ್ತು. ನಾನು ಬೇಲಿಯ ಹತ್ತಿರ ನಿಂತಿದ್ದೆ. ತಿರುವಿನಲ್ಲಿ ಬೈಕು ಬಾಗಿತು. ಹಿಂದಿನ ಚಕ್ರ ಸರ್ರನೆ ಜಾರಿತು. ಬೈಕು ಒಂದು ಕಡೆ, ಅವರು ಒಂದು ಕಡೆ. ತಲೆ ಡಾಂಬರಿಗೆ ಬಡಿಯಿತು, ಎದ್ದಿತು, ಮತ್ತೆ ಬಡಿಯಿತು. ಕಣ್ಣಾರೆ ಕಂಡೆ. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ.

ಕೆಂಪು ಬಾವುಟ ಬೀಸಿದರು. ಎಲ್ಲರೂ ಗಾಡಿ ನಿಲ್ಲಿಸಿದರು. ನಾನು ತಲುಪುವಷ್ಟರಲ್ಲಿ ಡಾಕ್ಟರು ಅವರ ಕಣ್ಣಿಗೆ ಟಾರ್ಚು ಬಿಟ್ಟು, “ಇವತ್ತು ಯಾವ ವಾರ? ನಿಮ್ಮ ಹೆಂಡತಿ ಯಾರು?” ಎಂದು ಕೇಳುತ್ತಿದ್ದರು.

“ಭಾನುವಾರ. ಬೇಲಿ ಹಾರಿ ಓಡಿಬರ್ತಿದ್ದಾಳಲ್ಲ, ಅವಳೇ.”

ಮೈಯಲ್ಲಿ ಒಂದು ತರಚು ಬಿಟ್ಟರೆ ಏನೂ ಇರಲಿಲ್ಲ. ತಮ್ಮ ಕಾಲ ಮೇಲೆ ತಾವೇ ನಡೆದು ಬಂದು ಡೇರೆಯಲ್ಲಿ ಕೂತರು. ಅಕ್ಕ ಆ ಹೆಲ್ಮೆಟ್ಟಿನ ಒಳಬಟ್ಟೆ ಬಿಚ್ಚಿದಳು. ಗಟ್ಟಿ ಥರ್ಮಾಕೋಲಿನಲ್ಲಿ, ಬಲಗಿವಿಯ ಮೇಲ್ಗಡೆ, ಒಂದು ಗುಳಿ ಬಿದ್ದಿತ್ತು.

“ಬೆರಳಿಡಿ ಅಣ್ಣಾ.”

ಇಟ್ಟರು. ಬೆರಳಿನ ಮೊದಲ ಗೆಣ್ಣು ಮುಳುಗಿತು.

“ತಲೆ ಒಳಗಡೆಯಿಂದ ಬಂದು ಗುದ್ದಿದ್ದು ಇಲ್ಲಿಗೆ. ಇದು ನಜ್ಜುಗುಜ್ಜಾಗಿ ಆ ಏಟನ್ನ ತಾನು ತಗೊಂಡಿದೆ. ಅದಕ್ಕೇ ಇದು ಇರೋದು. ಇನ್ನು ಈ ಹೆಲ್ಮೆಟ್ಟು ಕಸಕ್ಕೆ, ಒಂದು ಸಲ ಬಿದ್ದದ್ದನ್ನ ಮತ್ತೆ ಹಾಕಬಾರದು.” ಆಮೇಲೆ ನಮ್ಮ ಮಖಮಲ್ಲಿನ ಹೆಲ್ಮೆಟ್ಟು ತಂದು ಅದರೊಳಗೆ ಅವರ ಹೆಬ್ಬೆರಳನ್ನೇ ಒತ್ತಿಸಿದಳು. ಬೆರಳು ಸ್ಪಂಜನ್ನು ದಾಟಿ ಚಿಪ್ಪಿಗೆ ಟಕ್ಕೆಂದು ತಗುಲಿತು. “ನಿಮ್ಮ ಒಂದು ಬೆರಳಿಗೆ ದಾರಿ ಬಿಟ್ಟ ಸ್ಪಂಜು, ರಸ್ತೆಯನ್ನ ತಡೆಯುತ್ತಾ?”

ನಮ್ಮವರು ಬೆರಳು ಹೊರಗೆಳೆದು ನನ್ನ ಕಡೆ ತಿರುಗಿ, “ಗಂಟೆ ಎಷ್ಟು?” ಎಂದರು.

ಎರಡು ಹೊಡೆದು ಹತ್ತು ನಿಮಿಷ. ಮಗಳ ಪಾಳಿ ಮುಗಿಯುವುದು ಎರಡಕ್ಕೆ.

ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಗಾಡಿ ಓಡಿಸುವಾಗ ಫೋನು ಮುಟ್ಟಬೇಡ ಎಂದು ತಲೆ ತಿಂದಿದ್ದವಳು ನಾನೇ. ಆ ಲಾರಿಗಳು, ಆ ಹೆದ್ದಾರಿ, ಅವಳ ತಲೆಯ ಮೇಲೆ ನಾನೇ ಹೊಲಿದ ದಿಂಬು. ಹೊರಗೆ ಬೈಕುಗಳು ಮತ್ತೆ ಸುತ್ತು ಹೊಡೆಯುತ್ತಿದ್ದವು. ವರ್ಷಗಟ್ಟಲೆ ಆಸೆಪಟ್ಟ ಮನುಷ್ಯ ಆ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಫೋನನ್ನೇ ನೋಡುತ್ತ ಕೂತರು.

ಎರಡು ಗಂಟೆ ನಲವತ್ತಕ್ಕೆ ಎತ್ತಿದಳು.

“ಏನಮ್ಮಾ, ಹದಿನೇಳು ಸಲ ಮಾಡಿದೀಯಾ! ಅಪ್ಪ ಬಿದ್ರಾ?”

“ಎಲ್ಲಿದೀಯೇ?”

“ಮನೇಲಿ. ಈಗ ತಾನೇ ಬಂದೆ. ಯಾಕೆ ಅಳ್ತಿದೀಯಾ?”

“ಆ ಹೆಲ್ಮೆಟ್ಟನ್ನ ಇನ್ನು ಮುಟ್ಟಬೇಡ. ನಾಳೆ ಬಸ್ಸಲ್ಲಿ ಹೋಗು. ಹೊಸದು ತರ್ತೀವಿ. ಯಾಕೆ, ಏನು ಅಂತ ಕೇಳಬೇಡ, ಬಂದು ಹೇಳ್ತೀನಿ” ಎಂದೆ. ಫೋನು ಇಟ್ಟ ಮೇಲೆ ನಮ್ಮವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮಗಳು ಸಿಕ್ಕಳಲ್ಲ, ಸಮಾಧಾನವಾಯಿತು ಅಂದುಕೊಂಡೆ. ಅದಲ್ಲ.

“ಅಂಚೆಯಣ್ಣ” ಎಂದರು. “ಅವನು ನನ್ನ ಕೈ ಹಿಡ್ಕೊಂಡು ಉಪಕಾರ ಅಂದ.”

ಮನೆಗೆ ಹೋಗಲಿಲ್ಲ. ಆ ಗುಳಿಬಿದ್ದ ಹೆಲ್ಮೆಟ್ಟನ್ನು ಅಕ್ಕನಿಂದ ಕೇಳಿ ಪಡೆದು ನೇರ ಅಂಚೆಯಣ್ಣನ ಮನೆಗೆ ಹೋದೆವು. ಅವನು ಜಗಲಿಯಲ್ಲಿ ಕೂತು ಸಂಜೆಯ ಬಿಸಿಲು ಕಾಯುತ್ತಿದ್ದ. ನಮ್ಮವರು ನಿಂತೇ ಎಲ್ಲವನ್ನೂ ಹೇಳಿದರು. ಒಂದು ಮಾತನ್ನೂ ಮುಚ್ಚಿಡಲಿಲ್ಲ. “ಅದಿದ್ದಿದ್ರೆ ನಿನಗೆ ಏನೂ ಆಗ್ತಿರಲಿಲ್ಲ ಅಂತ ನಾನು ಹೇಳಲಾರೆ. ಆದ್ರೆ ಅದನ್ನ ಕೆರೆದು ಎಸೆದವನು ನಾನು” ಎಂದರು.

“ಬಟ್ಟೆ ಹೊಲಿದವಳು ನಾನು” ಎಂದೆ.

ಅಂಚೆಯಣ್ಣ ಹೆಲ್ಮೆಟ್ಟು ಇಸಿದುಕೊಂಡ. ಗುಳಿಯಲ್ಲಿ ಬೆರಳಿಟ್ಟ. ತುಂಬಾ ಹೊತ್ತು ಇಟ್ಟುಕೊಂಡೇ ಇದ್ದ. ಬೈಯಲಿ, ಹೊಡೆಯಲಿ ಅಂದುಕೊಂಡು ನಿಂತಿದ್ದೆವು.

“ಇನ್ನೂ ಎಷ್ಟು ಮನೇಲಿದೆ?” ಎಂದು ಕೇಳಿದ.

“ಮೂವತ್ತೆಂಟು.”

ಚಪ್ಪಲಿ ಹಾಕಿಕೊಂಡ. “ನಡಿ, ನಾನೂ ಬರ್ತೀನಿ. ನನ್ನ ನೋಡಿದ್ರೆ ಯಾರೂ ಇಲ್ಲ ಅನ್ನಲ್ಲ.” ಎರಡು ಹೆಜ್ಜೆ ಇಟ್ಟು ನಿಂತ. “ಮನೆ ನಂಬರು ಮಾತ್ರ ನೀನೇ ನೋಡ್ಕೋಬೇಕು ಅಣ್ಣಾ.”

ನಮ್ಮವರು ಬೀದಿಯಲ್ಲಿ ನಿಂತು ಮಗುವಿನಂತೆ ಅತ್ತರು.

ಹನ್ನೊಂದು ದಿನ ಮನೆಮನೆ ತಿರುಗಿದೆವು. ಕೆಲವರು ಬೈದರು, ಕೆಲವರು “ಇಷ್ಟು ಚೆನ್ನಾಗಿದೆ, ಯಾಕೆ ಕೊಡ್ಲಿ?” ಎಂದು ಜಗಳಕ್ಕೆ ಬಂದರು. ಅಂಚೆಯಣ್ಣ ಮುಂದೆ ಬಂದು ನಿಂತ ಮೇಲೆ ಸುಮ್ಮನೆ ಒಳಗಿಂದ ತಂದು ಕೊಟ್ಟರು. ಎಲ್ಲವನ್ನೂ ಅಂಗಡಿಯ ಮುಂದೆ ಸುತ್ತಿಗೆಯಲ್ಲಿ ಒಡೆದೆವು. ನಮ್ಮವರು ಈಗಲೂ ಸೀಟು ಹೊಲಿಯುತ್ತಾರೆ. ಹೆಲ್ಮೆಟ್ಟು ತಂದವರಿಗೆ ಮಾತ್ರ ಬಾಗಿಲಲ್ಲೇ ಆ ಗುಳಿ ತೋರಿಸಿ ಕಳಿಸುತ್ತಾರೆ.

ಓದುತ್ತಿರುವವರೇ, ಕೇಳುತ್ತಿರುವವರೇ, ಈಗಲೇ ಎದ್ದು ಹೋಗಿ ನಿಮ್ಮ ಮನೆಯ ಹೆಲ್ಮೆಟ್ಟು ತನ್ನಿ. ಒಳಬಟ್ಟೆ ಸರಿಸಿ ಹೆಬ್ಬೆರಳು ಒತ್ತಿ. ಗಟ್ಟಿ ಪದರ ಬೆರಳನ್ನು ತಡೆಯಬೇಕು. ತಡೆಯದಿದ್ದರೆ, ಒಡೆದಿದ್ದರೆ, ಒಂದು ಸಲ ಬಿದ್ದದ್ದಾದರೆ, ಅದನ್ನು ಬಿಡಿ. ಬಿಗಿ ಅನ್ನಿಸಿದರೆ ಅಂಗಡಿಯಲ್ಲಿ ನಿಮ್ಮ ತಲೆಯ ಅಳತೆಯದು ಕೇಳಿ, ಒಳಗೆ ಮಾತ್ರ ಕೆರೆಸಬೇಡಿ.

ಇನ್ನೊಂದು ಮಾತು. ನಲವತ್ತರ ಲೆಕ್ಕ ಸಿಕ್ಕಿದೆ. ಒಂದು ಸಿಕ್ಕಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಗಂಡ ಹೆಂಡತಿ, ಅಂಗಡಿ ಮುಂದೆ ಬೈಕು ನಿಲ್ಲಿಸಿ ಮಾಡಿಸಿಕೊಂಡು ಹೋದರು. ಹೆಂಡತಿ ಬಸುರಿ, ಹೆಲ್ಮೆಟ್ಟು ಅವಳದು. ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ. ನೀಲಿ ಹೆಲ್ಮೆಟ್ಟು, ಒಳಗೆ ಕೆಂಪು ಮಖಮಲ್ಲು, ಹೊಲಿಗೆ ನನ್ನದು. ನಿಮ್ಮ ಬೀದಿಯಲ್ಲಿ ಕಂಡರೆ ದಯವಿಟ್ಟು ಅವಳನ್ನು ನಿಲ್ಲಿಸಿ.