ಬೀದರಿನ ಚಳಿಗೆ ಬಾಗಿಲು ಹಾಕಿದವನು

ಒಂದು ಪುಷ್ಯ ಮಾಸದಲ್ಲಿ ಸಾಕ್ಷಾತ್ ಸೂರ್ಯನೇ ಬೀದರಿಗೆ ಇಳಿದು ಬಂದು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗೈ ಕಾಯಿಸಿಕೊಂಡು ಹೋದ. ನಂಬುವುದಿಲ್ಲವೇ? ಬಿಡಿ. ಎದ್ದು ಹೋಗಲು ಅವನಿಗೆ ಮನಸ್ಸೇ ಇರಲಿಲ್ಲ. "ಇನ್ನೊಂದು ಗಳಿಗೆ ಇರಲೇ?" ಎಂದು ಕೇಳಿದ. "ಹೊತ್ತಾಯಿತು, ಕೆಲಸಕ್ಕೆ ನಡಿ" ಎಂದು ನಾನೇ ಗದರಿಸಿ ಕಳಿಸಿದೆ. ಆ ದಿನ ಬೀದರಿನಲ್ಲಿ ಬೆಳಗಾದದ್ದು ಹಾಗೆ.

ಇಷ್ಟೆಲ್ಲ ಹೇಳುವ ನಾನು ನೋಡಲು ಒಂದು ನಿಂಬೆಹಣ್ಣಿನಷ್ಟಿದ್ದೇನೆ. ನಾನು ಒಂದು ಥರ್ಮೋಸ್ಟಾಟು. ಡೀಸೆಲ್ ಕಾರಿನ ಇಂಜಿನ್ನಿಗೂ ಅದರ ಮುಂದಿರುವ ರೇಡಿಯೇಟರಿಗೂ ನಡುವೆ, ನೀರು ಹರಿಯುವ ದಾರಿಯಲ್ಲಿ ಕೂರುವ ಪುಟ್ಟ ಬಾಗಿಲು. ಹೊಟ್ಟೆಯಲ್ಲಿ ಒಂದು ಚಿಟಿಕೆ ಮೇಣವಿದೆ. ಇಂಜಿನ್ ತಣ್ಣಗಿದ್ದಾಗ ಮೇಣ ಗಟ್ಟಿಯಾಗಿರುತ್ತದೆ, ಬಾಗಿಲು ಮುಚ್ಚಿರುತ್ತದೆ, ಹುಟ್ಟಿದ ಬಿಸಿ ಒಳಗೇ ಉಳಿಯುತ್ತದೆ. ನೀರು ಎಂಬತ್ತೆರಡು ಡಿಗ್ರಿ ಕಾದಾಗ ಮೇಣ ಕರಗಿ ಉಬ್ಬುತ್ತದೆ, ಬಾಗಿಲು ತೆರೆಯುತ್ತದೆ, ಹೆಚ್ಚಾದ ಬಿಸಿ ರೇಡಿಯೇಟರಿಗೆ ಹೋಗಿ ಗಾಳಿಗೆ ಸೇರುತ್ತದೆ. ತೆರೆಯುವುದು, ಮುಚ್ಚುವುದು. ಇಷ್ಟನ್ನೇ ಮಾಡಿಕೊಂಡು ಜಗತ್ತನ್ನು ನಡೆಸಿದವನು ನಾನು.

ನಾನು ಹುಟ್ಟಿದ್ದು ಉತ್ತರದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಪ್ರತಿಯೊಬ್ಬನನ್ನೂ ಬಿಸಿನೀರಿನಲ್ಲಿ ಮುಳುಗಿಸಿ ಪರೀಕ್ಷೆ ಮಾಡುತ್ತಿದ್ದರು. ನಾನು ಬಾಗಿಲು ತೆರೆದ ಠೀವಿ ನೋಡಿ ತಪಾಸಣೆಯ ಮನುಷ್ಯ ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಎದ್ದು ನಿಂತು ನಮಸ್ಕಾರ ಮಾಡಿದ. ಮರುದಿನ ಕಾರ್ಖಾನೆಗೆ ರಜೆ ಘೋಷಿಸಿದರು. ಮರುದಿನ ಹೇಗೂ ಭಾನುವಾರವಾಗಿತ್ತು ಎಂದು ಕೆಲವರು ಹೊಟ್ಟೆಕಿಚ್ಚಿನಿಂದ ಹೇಳುವುದುಂಟು.

ನಾನು ಕೂತ ಕಾರನ್ನು ಮೊದಲು ಕೊಂಡವರು ದಿಲ್ಲಿಯ ಒಬ್ಬ ಕಣ್ಣಿನ ಡಾಕ್ಟರರು. ಅಲ್ಲಿನ ಚಳಿ, ಅಲ್ಲಿನ ಮಂಜು ಏನು ಹೇಳಲಿ! ಮುಂದಿನ ಗಾಡಿ ಕಾಣದೆ ಕಣ್ಣಿನ ಡಾಕ್ಟರರೇ ಕಣ್ಣು ಕಿರಿದು ಮಾಡಿಕೊಂಡು ಓಡಿಸುತ್ತಿದ್ದರು. ಇನ್ನು ಡೀಸೆಲ್ ಇಂಜಿನ್ನಿನ ಸ್ವಭಾವ ನಿಮಗೆ ಗೊತ್ತಿರಬೇಕು. ಅದು ಬಲು ಜಿಪುಣ. ಕುಡಿದ ಎಣ್ಣೆಯನ್ನೆಲ್ಲ ದುಡಿಮೆಗೇ ಹಾಕುತ್ತದೆ, ಬಿಸಿಗೆಂದು ಹೆಚ್ಚು ಉಳಿಸುವುದಿಲ್ಲ. ಪೆಟ್ರೋಲ್ ಇಂಜಿನ್ ಐದು ನಿಮಿಷದಲ್ಲಿ ಕಾದರೆ ಇದು ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ. ಆ ಇಷ್ಟಿಷ್ಟೇ ಬಿಸಿಯೂ ಚಳಿಗಾಲದಲ್ಲಿ ರೇಡಿಯೇಟರಿನ ದಾರಿ ಹಿಡಿದು ಓಡಿಹೋಗಲು ನೋಡುತ್ತದೆ. ನಾನು ಅಡ್ಡ ನಿಂತೆ. ಒಂದು ತೊಟ್ಟು ಬಿಸಿನೀರನ್ನೂ ಬಿಡಲಿಲ್ಲ. ಆ ಹತ್ತು ವರ್ಷ ದಿಲ್ಲಿಯಲ್ಲಿ ಸ್ವೆಟರ್ ಮಾರಾಟವೇ ಬಿದ್ದುಹೋಯಿತು.

ಹತ್ತು ವರ್ಷ ತುಂಬಿದ ಡೀಸೆಲ್ ಕಾರು ಆ ಊರಿನ ರಸ್ತೆಗೆ ಇಳಿಯುವಂತಿಲ್ಲವೆಂದು ಕಾಯಿದೆ ಬಂತು. ಹಾಗಾಗಿ ನಮ್ಮನ್ನು ಲಾರಿಗೆ ಹತ್ತಿಸಿ ದಕ್ಷಿಣಕ್ಕೆ ಕಳಿಸಿದರು. ಬೀದರಿನಲ್ಲಿ ನಮ್ಮನ್ನು ಕೊಂಡವರು ವೈಜಿನಾಥ ಸಾಹುಕಾರರು. ಮದುವೆಗಳಿಗೆ ಪೆಂಡಾಲು, ಪಾತ್ರೆ ಬಾಡಿಗೆಗೆ ಕೊಡುವುದು ಅವರ ಉದ್ಯೋಗ. ಅದರ ಜೊತೆಗೆ ಮದುಮಕ್ಕಳ ಮೆರವಣಿಗೆಗೆ ಒಂದು ಬಿಳಿ ಕಾರು ಇರಲಿ ಎಂದು ನಮ್ಮನ್ನು ತಂದಿದ್ದರು.

ಎರಡು ವರ್ಷ ನೆಟ್ಟಗೆ ನಡೆಯಿತು. ಮೂರನೆಯ ವರ್ಷದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮೆರವಣಿಗೆ ಆಮೆಯ ನಡಿಗೆಯಲ್ಲಿ ಸಾಗುತ್ತಿತ್ತು. ಮುಂದೆ ಬ್ಯಾಂಡು, ಸುತ್ತ ಕುಣಿಯುವವರು. ಆ ಬ್ಯಾಂಡಿನ ಬಡಿತ ಕೇಳಿ ನನಗೆ ಎಂಥ ಹುರುಪು ಬಂತೆಂದರೆ, ನನ್ನ ಹುರುಪಿಗೇ ಇಂಜಿನ್ ಕುದಿಯಿತು. ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಮದುಮಗ ಬಾಸಿಂಗ ಕಟ್ಟಿಕೊಂಡೇ ಕೆಳಗಿಳಿದು ಗಾಡಿ ತಳ್ಳಿದ. ಜನ ಅದನ್ನೂ ಒಂದು ಶಾಸ್ತ್ರವೆಂದುಕೊಂಡು ಅಕ್ಕಿಕಾಳು ಹಾಕಿದರು.

ಮರುದಿನ ಸಾಹುಕಾರರು ಕಾರನ್ನು ಖದೀರನ ಗ್ಯಾರೇಜಿಗೆ ಒಯ್ದರು. ಖದೀರ್ ಬೀದರಿನ ಹೆಸರಾಂತ ಮೆಕ್ಯಾನಿಕ್. ಅವನಿಗೊಂದು ರೂಢಿಯಿತ್ತು. ಕುದಿದು ಬಂದ ಕಾರಾಗಲಿ, ಎಣ್ಣೆ ಬದಲಿಸಲು ಬಂದ ಕಾರಾಗಲಿ, ಮೊದಲು ಥರ್ಮೋಸ್ಟಾಟು ಕಿತ್ತು ಹಾಕುತ್ತಿದ್ದ. ಕಿತ್ತಿದ್ದನ್ನು ಎಸೆಯುತ್ತಿರಲಿಲ್ಲ. ಕಾರಿನ ನಂಬರನ್ನು ಅದರ ಅಂಚಿಗೆ ಮೊಳೆಯಿಂದ ಗೀಚಿ, ತಂತಿಗೆ ಪೋಣಿಸಿ, ಗ್ಯಾರೇಜಿನ ಬಾಗಿಲಿಗೆ ತೋರಣದಂತೆ ತೂಗುಹಾಕುತ್ತಿದ್ದ.

"ಇದು ಥಂಡಿ ದೇಶದ ಸಾಮಾನು ಸಾಹುಕಾರ್ರೆ," ಎಂದು ನನ್ನನ್ನು ಬೆರಳಲ್ಲಿ ಎತ್ತಿ ತೋರಿಸಿದ. "ನಮ್ಮ ಬಿಸಲಿಗಿ ಇದರದೇನು ಕೆಲಸ? ಸುಮ್ಮ ನೀರಿನ ದಾರಿಗಿ ಅಡ್ಡ ಕುಂತದ."

"ತೆಗಿ ಅತ್ಲಾಗ," ಎಂದರು ಸಾಹುಕಾರರು. "ಇನ್ನೊಮ್ಮೆ ಮದುಮಗನ ಕೈಲೆ ತಳ್ಳಿಸಿದ್ರ ನನ್ನ ಪೆಂಡಾಲಿಗಿ ಯಾರ್ ಬರ್ತಾರ?"

ಹತ್ತು ವರ್ಷ ದಿಲ್ಲಿ ಕಾದವನಿಗೆ ಇದೇ ಮರ್ಯಾದೆ! ತೋರಣದಲ್ಲಿ ನಾನು ನಲವತ್ತೊಂದನೆಯವನು. ಗಾಳಿ ಬಂದರೆ ಎಲ್ಲರೂ ಕಿಣಿಕಿಣಿ ಎನ್ನುತ್ತಿದ್ದೆವು. ಬಂದ ದಿನವೇ ನಾನು ಅವರೆಲ್ಲರ ರಾಜನಾದೆ. ಚುನಾವಣೆ ನಡೆಯಲಿಲ್ಲ, ಅದರ ಅಗತ್ಯವೂ ಇರಲಿಲ್ಲ.

ಆ ಮಳೆಗಾಲದಲ್ಲಿ ಸಾಹುಕಾರರು ಕಾರನ್ನು ಕಸ್ತೂರಬಾಯಿಗೆ ಮಾರಿದರು. ಕಸ್ತೂರಬಾಯಿಗೆ ನಲವತ್ತರ ಆಸುಪಾಸು. ಗಡಿಯಾಚೆಯ ಹ್ಯಾಚರಿಯಿಂದ ಒಂದು ದಿನದ ಕೋಳಿಮರಿಗಳನ್ನು ತಂದು ಹಳ್ಳಿಗಳ ಹೆಣ್ಣುಮಕ್ಕಳ ಸಂಘಗಳಿಗೆ ಮುಟ್ಟಿಸುವುದು ಅವಳ ಕಸುಬು. ಕಾರನ್ನು ತಾನೇ ಓಡಿಸುತ್ತಿದ್ದಳು. ತೂತು ಹೊಡೆದ ರಟ್ಟಿನ ಪೆಟ್ಟಿಗೆಗಳು, ಒಂದೊಂದರಲ್ಲಿ ನೂರು ಮರಿ. ಆ ಮರಿಗಳಿಗೆ ತಾಯಿಯ ರೆಕ್ಕೆ ಇಲ್ಲ, ಆದ್ದರಿಂದ ಬೆಚ್ಚಗಿರಬೇಕು. ದಿಲ್ಲಿಯಿಂದ ಬಂದ ಕಾರಿನಲ್ಲಿ ಹೀಟರ್ ಇದೆ ಎಂದೇ ಅವಳು ಅದನ್ನು ಕೊಂಡದ್ದು.

ದೀಪಾವಳಿಯವರೆಗೆ ತೊಂದರೆ ಇರಲಿಲ್ಲ. ಡಿಸೆಂಬರ್ ಬಂತು. ಬೀದರಿನ ಡಿಸೆಂಬರನ್ನು ಕಂಡವರಿಗೆ ಗೊತ್ತು, ಮುಂಜಾನೆ ಬಾಯಿ ತೆರೆದರೆ ಮಾತಿಗಿಂತ ಮೊದಲು ಹೊಗೆ ಬರುತ್ತದೆ. ಹ್ಯಾಚರಿಯಿಂದ ನಸುಕಿನಲ್ಲಿ ಹೊರಟ ಕಾರು ಊರು ಮುಟ್ಟಿದರೂ ಕಾಯಲಿಲ್ಲ. ಇಂಜಿನ್ನಿನ ಬಿಸಿನೀರನ್ನೇ ನಂಬಿದ ಹೀಟರ್ ತಣ್ಣನೆಯ ಗಾಳಿ ಊದಿತು. ಮರಿಗಳು ಬಿಸಿ ಹುಡುಕಿಕೊಂಡು ಒಂದರ ಮೇಲೊಂದು ಏರಿದವು, ಕೆಳಗಿನವು ನಲುಗಿದವು. ಮೊದಲ ಸಲ ಇಪ್ಪತ್ತೆರಡು ಸತ್ತವು. ಎರಡನೆಯ ಸಲ ನಲವತ್ತೊಂದು. ಪೆಟ್ಟಿಗೆ ತೆರೆದ ಸಂಘದ ಹೆಂಗಸರು ಸೆರಗು ಬಾಯಿಗೆ ಹಿಡಿದು ಹಿಂದೆ ಸರಿದರಂತೆ. ಬರುವ ಬುಧವಾರದ ಮುನ್ನೂರು ಮರಿಗಳಲ್ಲೂ ಹೀಗೇ ಆದರೆ, ಮುಂದೆ ಬೇರೆಯವರಿಂದ ತರಿಸುತ್ತೇವೆ ಎಂದು ಹೇಳಿ ಕಳಿಸಿದರು.

ಸೋಮವಾರ ಬೆಳಿಗ್ಗೆ ಕಸ್ತೂರಬಾಯಿ ನಮ್ಮ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದಳು. ನನ್ನ ಕಾರು! ರೇಡಿಯೇಟರಿಗೆ ತಣ್ಣನೆಯ ಗಾಳಿ ಬಡಿಯದಿರಲೆಂದು ಬಾನೆಟ್ಟಿನ ಮುಂದೆ ಮರಿಗಳ ಹಳೆಯ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಗ್ಗದಿಂದ ಕಟ್ಟಿದ್ದಳು.

"ಖದೀರ್ ಭಾಯ್, ಹೊರಗ ಬರ್ರಿ. ನೀವು ರಿಪೇರಿ ಮಾಡಿದ ಗಾಡಿ ನನ್ನ ಮರಿ ಕೊಲ್ಲಲತ್ತದ."

"ಮಾರಿದವರು ವೈಜಿನಾಥ ಸಾಹುಕಾರ್ರು, ಓಡಿಸೋರು ನೀವು. ನಡುವ ನಾ ಎಲ್ಲಿ ಬಂದೆ ಅಕ್ಕಾ?"

"ಹೀಟರ್ ಹಚ್ಚಿದ್ರ ಬರಫಿನಂಥ ಗಾಳಿ ಬರ್ತದ."

"ಈ ವರ್ಷ ಥಂಡಿ ಬಾಳ ಅದ. ಡೀಸೆಲ್ ಗಾಡಿ ಅಂದ್ರ ಹಂಗೇ. ಮುಂದ ರಟ್ಟು ಕಟ್ರಿ."

"ಕಟ್ಟೇ ಬಂದೀನಿ. ಕಣ್ಣಿಗಿ ಕಾಣಸ್ತದಿಲ್ಲೋ?"

ಖದೀರ್ ರಟ್ಟನ್ನು ನೋಡಿ ತಲೆ ಕೆರೆದುಕೊಂಡ. "ಹಂಗಾರ ಮರಿ ಮ್ಯಾಲ ಕೌದಿ ಹಾಕ್ರಿ."

"ಕೌದಿ ಹಾಕಿದ್ರ ಉಸಿರು ಕಟ್ಟಿ ಸಾಯ್ತಾವ. ನಿಮಗ ಕೋಳಿ ತಾಟಿನ್ಯಾಗ ಬಂದ ಮ್ಯಾಲೇ ಗುರ್ತು!"

ತೋರಣದಲ್ಲಿ ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ಬಾನೆಟ್ಟಿನ ಮೇಲೆ ಕೈ ಇಟ್ಟು ಹೇಳಿದಳು:

"ಒಂದು ಮಾತು ಹೇಳ್ರಿ. ಗಾಡಿ ನಿಂತಾಗ ಗರಮ್ ತೋರ್ಸೋ ಕಾಟಾ ಮ್ಯಾಲ ಏರ್ತದ. ರಸ್ತೆಕ್ಕ ಬಿದ್ದು ಗಾಳಿ ಹೊಡೀಲತ್ತಿತಂದ್ರ ಕೆಳಗ ಇಳೀತದ. ನನ್ನ ಮರಿ ಕ್ವಾಣ್ಯಾಗ ಹಿಂಗೇ ಆಗ್ತದ. ಬಲ್ಬ್ ಉರೀತಿರ್ತದ, ಆದ್ರೂ ಮರಿ ಮುದುಡ್ತಾವ. ಹೋಗಿ ನೋಡಿದ್ರ ಯಾರರೆ ಬಾಗಿಲಾ ತೆರೆದಿಟ್ಟು ಹೋಗಿರ್ತಾರ. ಈ ನಿಮ್ಮ ಇಂಜಿನ್ಯಾಗ ಯಾವ ಬಾಗಿಲಾ ತೆರೆದದ?"

ಖದೀರ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಅವನು ಕಾರು ನೋಡಿದ, ಆಮೇಲೆ ಕತ್ತೆತ್ತಿ ನಮ್ಮನ್ನು ನೋಡಿದ.

"ತೆರೆದಿಲ್ಲ ಅಕ್ಕಾ," ಎಂದ ಮೆಲ್ಲಗೆ. "ಬಾಗಿಲಾನೇ ಇಲ್ಲ. ನಾನೇ ಕಿತ್ತೀನಿ. ನಮ್ಮ ಉಸ್ತಾದ್ ಕಲ್ಸಿದ್ದು ಹಂಗೇ. ಬಿಸಲ ದೇಶಕ್ಕ ಇದು ಬ್ಯಾಡ ಅಂತಿದ್ರು."

"ನಿಮ್ಮ ಉಸ್ತಾದ್ ಡಿಸೆಂಬರದಾಗ ಗ್ಯಾರೇಜ್ ಮುಚ್ತಿದ್ರೇನು?"

ಖದೀರನಿಗೆ ನಗು ಬಂತು, ನಾಚಿಕೆಯೂ ಬಂತು. ತಂತಿಯನ್ನು ಕೆಳಗಿಳಿಸಿ, ನಂಬರು ಓದುತ್ತಾ ನನ್ನನ್ನು ಹುಡುಕಿ ತೆಗೆದ. ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಬೇಕಲ್ಲ? ಚಹಾದ ಪಾತೇಲಿಯಲ್ಲಿ ನೀರು ಕುದಿಯಲು ಇಟ್ಟು, ನನ್ನನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟ. ಕಸ್ತೂರಬಾಯಿ ಮೂಗು ಸುಡುವಷ್ಟು ಬಗ್ಗಿ ನೋಡಿದಳು.

ಆಗ ನಾನು ತೆರೆದೆ ನೋಡಿ! ತಾವರೆ ಅರಳಿದ ಹಾಗೆ ತೆರೆದೆ. ಕೋಟೆಯ ದೊಡ್ಡ ದರವಾಜೆ ತೆರೆದ ಹಾಗೆ ತೆರೆದೆ. ಪಾತೇಲಿಯಲ್ಲಿ ಅಲೆ ಎದ್ದು ಒಲೆ ಆರುವುದರಲ್ಲಿತ್ತು. ಖದೀರ್ ಎರಡೂ ಕೈಯಲ್ಲಿ ನನ್ನನ್ನು ಎತ್ತಿ, ಕಣ್ಣಿಗೆ ಒತ್ತಿಕೊಂಡು, ನನ್ನ ಸಿಂಹಾಸನದಲ್ಲಿ ಮತ್ತೆ ಕೂರಿಸಿದ.

ಬುಧವಾರ ನಸುಕಿನಲ್ಲಿ ಹ್ಯಾಚರಿಯಿಂದ ಹೊರಟೆವು. ಹಿಂದಿನ ಸೀಟಿನಲ್ಲಿ ಮೂರು ಪೆಟ್ಟಿಗೆ. ಕಸ್ತೂರಬಾಯಿಯ ಕಣ್ಣು ಒಮ್ಮೆ ರಸ್ತೆಯ ಮೇಲೆ, ಒಮ್ಮೆ ಬಿಸಿ ತೋರಿಸುವ ಮುಳ್ಳಿನ, ಆ ಕಾಟಾದ ಮೇಲೆ. ಮೊದಲ ಊರು ದಾಟಿದಾಗ ಕಾಟಾ ಅಲುಗಿತು. ಎರಡನೆಯ ಊರಿನ ಹೊತ್ತಿಗೆ ನಡುವಿಗೆ ಬಂದು ನಿಂತಿತು. ರಸ್ತೆ ಇಳಿಜಾರಾಯಿತು, ಗಾಳಿ ಬಡಿಯಿತು, ಕಾಟಾ ಇಳಿಯಲಿಲ್ಲ. ಅವಳು ಹೀಟರಿನ ಮುಂದೆ ಅಂಗೈ ಹಿಡಿದಳು. ಬೆಚ್ಚಗಿತ್ತು. "ಬಂತು, ಬಂತು!" ಎಂದು ಒಬ್ಬಳೇ ಕೂಗಿಕೊಂಡಳು. ಮರಿಗಳು ಹರಡಿಕೊಂಡು ಕೂತು ಚಿಂವ್ ಚಿಂವ್ ಎಂದವು. ಸರಿಯಾಗಿ ಕೇಳಿಸಿಕೊಂಡರೆ ಅದು ನನ್ನ ಹೆಸರೇ. ಮುನ್ನೂರು ಮರಿ ಹತ್ತಿದ್ದವು, ನನ್ನ ಬಿಸಿಗೆ ದಾರಿಯಲ್ಲೇ ಇನ್ನೂ ಹತ್ತು ಹುಟ್ಟಿ ಮುನ್ನೂರಹತ್ತು ಇಳಿದವು. ಇದನ್ನೆಲ್ಲ ನಾನು ನನ್ನ ಎರಡು ಕಣ್ಣಾರೆ...

ತಡೆಯಿರಿ. ಕಸ್ತೂರಬಾಯಿ ಈಗಷ್ಟೇ ಗ್ಯಾರೇಜಿಗೆ ಬಂದಿದ್ದಾಳೆ. ಎಣ್ಣೆ ಬದಲಿಸಲು ಇರಬೇಕು. ಯಾಕೋ ಕತ್ತೆತ್ತಿ ಈ ಕಡೆಗೇ ನೋಡುತ್ತಿದ್ದಾಳೆ.

"ಖದೀರ್ ಭಾಯ್, ಎಲ್ಲಾ ಖಾಲಿ ಆಗ್ಯಾವ. ಇದೊಂದು ಯಾಕ ಇನ್ನೂ ತೂಗಲತ್ತದ?"

"ಅದಾ? ಅದು ನಿಮ್ಮ ಗಾಡಿದೇ ಅಕ್ಕಾ, ಪಹಿಲೆ ಇದ್ದದ್ದು. ಮರ್ತಿರೇನು? ಪಾತೇಲ್ಯಾಗ ಅರ್ಧ ತಾಸು ಕುದಿಸಿದೆವು, ಬಾಯೇ ಬಿಡಲಿಲ್ಲ. ಮ್ಯಾಲ ನಮ್ಮ ಚಹಾದ ನೀರು ಬ್ಯಾರೆ ಕೆಡಿಸ್ತು."

"ಹೌದಲ್ಲ! ಆಮ್ಯಾಲ ಅದರ ಬಾಜೂದ್ದು ತೆಗೆದು ಹಚ್ಚಿದ್ರಿ."

"ಹೂಂ, ನಿಮ್ಮ ಗಾಡಿ ಥರದ್ದೇ ಒಂದು ಹಳೇ ಟ್ಯಾಕ್ಸಿದು. ಅದು ಹಾಕಿದ ಕೂಡ್ಲೇ ತೆರೀತು."

ಈಗ ನೀವು ನನ್ನನ್ನು ನೋಡುವ ರೀತಿ ನನಗೆ ಅರ್ಥವಾಗುತ್ತದೆ.

ಹೌದು. ನಾನು ತೆರೆಯಲಿಲ್ಲ. ತೆರೆಯಬೇಕೆಂದು ಎಷ್ಟು ತಿಣುಕಿದೆನೆಂದು ಆ ಪಾತೇಲಿಗೆ ಗೊತ್ತು. ನನ್ನ ಕೀಲು ತುಕ್ಕು ಹಿಡಿದು ಮುಚ್ಚಿಕೊಂಡು ಬಹಳ ದಿನವಾಗಿತ್ತು. ಮೆರವಣಿಗೆಯ ದಿನ ಇಂಜಿನ್ ಕುದಿದದ್ದು ಬ್ಯಾಂಡಿನ ಹುರುಪಿಗಲ್ಲ, ನಾನು ತೆರೆಯದೆ ಕೂತದ್ದಕ್ಕೆ. ಖದೀರ್ ನನ್ನನ್ನು ಕಿತ್ತದ್ದು ಅನ್ಯಾಯವೂ ಅಲ್ಲ. ನನ್ನ ಜಾಗದಲ್ಲಿ ಒಳ್ಳೆಯದೊಂದನ್ನು ಕೂರಿಸದೆ ಬಿಟ್ಟನಲ್ಲ, ಅವನ ತಪ್ಪು ಅಷ್ಟೇ. ಅದನ್ನೂ ಅವನು ಆ ಚಳಿಗಾಲವೇ ತಿದ್ದಿಕೊಂಡ. ಬಂದ ಬಂದ ಕಾರಿನ ನಂಬರು ನೋಡಿ, ಪಾತೇಲಿಯಲ್ಲಿ ಪರೀಕ್ಷೆ ಮಾಡಿ, ಒಬ್ಬೊಬ್ಬರನ್ನಾಗಿ ಅವರವರ ಇಂಜಿನ್ನಿಗೆ ಮರಳಿ ಕಳಿಸಿದ. ಕೆಟ್ಟವರನ್ನು ಗುಜರಿಗೆ ಹಾಕಿದ. ನನ್ನೊಬ್ಬನನ್ನು ಇಟ್ಟುಕೊಂಡಿದ್ದಾನೆ. ಯಾರಾದರೂ "ಇದನ್ನ ಕಿತ್ತು ಒಗೀರಿ" ಎಂದರೆ, ನನ್ನನ್ನು ಕೈಯಲ್ಲಿ ಹಿಡಿದು, ಕೆಟ್ಟದ್ದು ಹೇಗಿರುತ್ತದೆ, ಒಳ್ಳೆಯದನ್ನು ಯಾಕೆ ಹಾಕಿಸಬೇಕು ಎಂದು ವಿವರಿಸುತ್ತಾನೆ. ಅವನ ಅಂಗೈ ಬೆಚ್ಚಗಿರುತ್ತದೆ.

ಬುಧವಾರದ ಪ್ರಯಾಣವನ್ನು ನಾನು ಕಂಡಿಲ್ಲ. ಆ ಸಂಜೆ ಕಸ್ತೂರಬಾಯಿ ಒಂದು ಡಬ್ಬಿ ಪೇಡೆ ಹಿಡಿದುಕೊಂಡು ಬಂದು ಖದೀರನಿಗೆ ಹೇಳಿದ್ದನ್ನು ಈ ತಂತಿಯಲ್ಲಿ ತೂಗುತ್ತಾ ಕೇಳಿಸಿಕೊಂಡೆ. ಮರಿಗಳು ಮುನ್ನೂರಹತ್ತು ಇಳಿಯಲಿಲ್ಲ. ನೂರಕ್ಕೆ ಎರಡು ಹೆಚ್ಚು ಹಾಕಿ ಕೊಡುವುದು ಹ್ಯಾಚರಿಯವರ ಪದ್ಧತಿ, ಹಾಗಾಗಿ ಹತ್ತಿದ್ದು ಮುನ್ನೂರಾ ಆರು. ಇಳಿದದ್ದು ಮುನ್ನೂರಾ ಐದು. ಉಳಿದ ಒಂದು ಹತ್ತುವಾಗಲೇ ಸೊರಗಿತ್ತಂತೆ.

ಮುನ್ನೂರಾ ಐದು ಎನ್ನುವುದರಲ್ಲಿ ಮಾತ್ರ ನನ್ನ ಕೈವಾಡ ಏನೂ ಇಲ್ಲ. ಅದನ್ನು ಎಣಿಸಿದ್ದು ಕಸ್ತೂರಬಾಯಿ, ಅದೂ ಎರಡು ಸಲ.